ಬಾಯ್ಲರ್ ಆರಿದ ಸಂಜೆ

ಬುಧವಾರ ಬೆಳಿಗ್ಗೆ ಎಂಟೂ ನಲವತ್ತಕ್ಕೆ ಕಾಲೇಜಿನ ಎಂಜಿನಿಯರ್ ಠಾಣೆಗೆ ಬಂದಾಗ ಹೊರಗೆ ಮಂಜು ಇನ್ನೂ ಸರಿದಿರಲಿಲ್ಲ. ರಸ್ತೆಯ ಆಚೆ ಬದಿಯ ಅಂಗಡಿಗಳು ಇದ್ದವೋ ಇಲ್ಲವೋ ಎಂಬಂತಿದ್ದವು. ಠಾಣೆಯೊಳಗೆ ಎಲ್ಲರೂ ಅರೆನಿದ್ದೆಯಲ್ಲಿದ್ದರು. ಹಾಗೆಂದು ಯಾರೂ ಒಪ್ಪುವುದಿಲ್ಲ, ಆ ಮಾತು ಬೇರೆ.

"ಸಾರ್, ನಮ್ಮ ಹೊಸ ಹೀಟ್ ಪಂಪನ್ನ ಯಾರೋ ಬೇಕಂತ್ಲೇ ನಿಲ್ಲಿಸ್ತಿದ್ದಾರೆ. ಇದು ಮೂರನೇ ಸಲ."

ಯಂತ್ರಗಳ ವಿಷಯ ಇನ್ಸ್‌ಪೆಕ್ಟರಿಗೆ ತಲೆಬುಡ ಅರ್ಥವಾಗುತ್ತಿರಲಿಲ್ಲ. ಅದನ್ನು ಒಪ್ಪಿಕೊಳ್ಳಲು ನಾಚಿಕೆಯೂ ಇರಲಿಲ್ಲ.

"ನಂಗೆ ತಿಳಿಯೋ ಹಾಗೆ ಹೇಳಿ."

"ಆಟದ ಮೈದಾನದ ಅಡಿಯಲ್ಲಿ ಕೊಳವೆ ಹೂತಿದ್ದೀವಿ ಸಾರ್. ಬೇಸಿಗೇಲಿ ಕೋಣೆಗಳ ಸೆಕೇನ ನೆಲದೊಳಗೆ ಇಳಿಸುತ್ತೆ. ಚಳಿಗಾಲದಲ್ಲಿ ಅದನ್ನೇ ಮೇಲೆತ್ತಿ ಹಾಸ್ಟೆಲಿಗೆ ಕೊಡುತ್ತೆ. ಹೊಗೆ ಇಲ್ಲ, ಸದ್ದಿಲ್ಲ. ಕರೆಂಟೂ ಸ್ವಲ್ಪ ಸಾಕು."

ಇನ್ಸ್‌ಪೆಕ್ಟರ್ ಕಿಟಕಿಯಾಚೆಯ ಬಿಳುಪನ್ನು ನೋಡುತ್ತ ಕುಳಿತರು. ಹೋದ ಬೇಸಿಗೆಯೆಲ್ಲ ಹುಲ್ಲಿನಡಿಯಲ್ಲಿ ಬೆಚ್ಚಗೆ ಮಲಗಿದೆ, ಅದರ ಮೇಲೆ ಹುಡುಗರು ಚೆಂಡಾಡುತ್ತಿದ್ದಾರೆ ಎಂದು ನೆನೆದು ಅವರಿಗೆ ಒಂದು ಕ್ಷಣ ಬಹಳ ಸುಖವೆನಿಸಿತು. ಆಮೇಲೆ ಕೆಲಸ ನೆನಪಾಯಿತು.

"ಪಂಪ್ ನಿಂತ್ರೆ ಏನಾಗುತ್ತೆ?"

"ಹಳೇ ಎಣ್ಣೆ ಬಾಯ್ಲರ್ ಹೊತ್ತಿಸ್ತೀವಿ. ಅದು ಕಾಯೋಕೆ ಹೊತ್ತು ಹಿಡಿಯುತ್ತೆ. ನಿನ್ನೆ ಸಂಜೆ ಪಂಪ್ ನಿಂತಾಗ ಅಷ್ಟರೊಳಗೆ ಉಬ್ಬಸ ಇರೋ ಒಬ್ಬ ಹುಡುಗೀನ ಆಸ್ಪತ್ರೆಗೆ ಸೇರಿಸಬೇಕಾಯ್ತು. ಸೋಮವಾರ ಬಾಯ್ಲರ್ ಬಿಚ್ಚಿ ಹಾಕ್ತಾರೆ. ಆಮೇಲೂ ಇವನು ಇದೇ ಆಟ ಆಡಿದ್ರೆ ಇಡೀ ಹಾಸ್ಟೆಲ್ ಈ ಚಳೀಲಿ ಏನ್ಮಾಡಬೇಕು ಸಾರ್?"

"ಯಾರ ಮೇಲಾದರೂ ಅನುಮಾನ?"

"ಎಣ್ಣೆ ಸಪ್ಲೈ ಮಾಡ್ತಿದ್ದವನ ಮೇಲೆ. ಪಂಪ್ ಬಂದ ಮೇಲೆ ಅವನ ಹೊಟ್ಟೆ ಮೇಲೆ ಹೊಡೆದ ಹಾಗಾಗಿದೆ."

ಒಂಬತ್ತೂ ಕಾಲಿಗೆ ಎಫ್‌ಐಆರ್ ದಾಖಲಾಯಿತು.

ಹನ್ನೊಂದು ಗಂಟೆಗೆ ಸ್ಥಳ ಪಂಚನಾಮೆ. ಮೈದಾನದ ಅಂಚಿನಲ್ಲಿ ನೆಲಮಟ್ಟಕ್ಕಿಂತ ಕೆಳಗೆ ಪಂಪಿನ ಕೋಣೆ, ಬಾಗಿಲಿಗೆ ಬರೀ ಚಿಲಕ. ಪಂಚರಾಗಿ ಬಂದ ಇಬ್ಬರು ಅಧ್ಯಾಪಕರು ಕೋಟಿನ ಜೇಬಿನಿಂದ ಕೈ ತೆಗೆಯದೆ ನಿಂತರು. ಮಹಿಳಾ ಕಾನ್‌ಸ್ಟೇಬಲ್ ಟಾರ್ಚ್ ಹಿಡಿದಳು. ಕೊಳವೆಯ ವಾಲ್ವ್ ಮುಚ್ಚಿತ್ತು. ಚಳಿ ಎಷ್ಟಿದೆ ಎಂದು ಯಂತ್ರಕ್ಕೆ ತಿಳಿಸುವ ತೆಳು ವೈರ್ ತುಂಡಾಗಿತ್ತು. ಆದರೆ ತುಂಡಾದ ಎರಡೂ ತುದಿಗಳಿಗೆ ಅಚ್ಚುಕಟ್ಟಾಗಿ ಟೇಪ್ ಸುತ್ತಿತ್ತು.

"ಕೆಡಿಸೋಕೆ ಬಂದವನು ಟೇಪ್ ಯಾಕೆ ಸುತ್ತಿದ?" ಎಂದರು ಇನ್ಸ್‌ಪೆಕ್ಟರ್.

"ಯಾರಿಗೂ ಶಾಕ್ ಹೊಡೀಬಾರದು ಅಂತ ಇರಬೇಕು ಸಾರ್," ಎಂದಳು ಕಾನ್‌ಸ್ಟೇಬಲ್.

"ಈ ವೈರ್ ಕತ್ತರಿಸಿದ್ರೆ ಪಂಪ್ ನಿಲ್ಲುತ್ತೆ ಅಂತ ಯಾರಿಗೆ ಗೊತ್ತು?"

ಎಂಜಿನಿಯರ್ ಮುಖ ಸಪ್ಪಗಾಯಿತು. "ಎಲ್ಲರಿಗೂ. ಉದ್ಘಾಟನೆ ದಿನ ನಾನೇ ಎಲ್ಲರನ್ನೂ ಇಲ್ಲಿಗೆ ಕರೆದು ತೋರಿಸಿದ್ದೆ."

"ಒಳ್ಳೇದಾಯ್ತು. ನಮಗೊಬ್ಬರಿಗೇ ಗೊತ್ತಿರಲಿಲ್ಲ."

ವಾಲ್ವಿನ ಹಿಡಿಗೆ ಒಂದು ತಗಡಿನ ಫಲಕ ನೇತಾಡುತ್ತಿತ್ತು. ಕೆಲಸ ನಡೆಯುತ್ತಿದೆ, ಮುಟ್ಟಬೇಡಿ ಎಂದು ಕೈಬರಹ. ಎಂಜಿನಿಯರ್ ಅದನ್ನು ಮೂರು ಸಲವೂ ನೋಡಿದ್ದ, ಮೂರು ಸಲವೂ ತನ್ನ ಹುಡುಗರದೇ ಇರಬೇಕೆಂದು ಸುಮ್ಮನಾಗಿದ್ದ. ಈಗ ಕೇಳಿದರೆ ಅವನ ಹುಡುಗರು ಅಂಥ ಫಲಕವನ್ನೇ ಕಂಡವರಲ್ಲ. ಹೊಸ ಯಂತ್ರವನ್ನು ನಿಲ್ಲಿಸುವುದೂ ನಡೆಸುವುದೂ ಕಂಪ್ಯೂಟರಿನಲ್ಲೇ, ಫಲಕದ ಕೆಲಸವೇ ಇಲ್ಲ.

"ಇದು ಹಳೇ ಬಾಯ್ಲರ್ ಮನೇದು," ಎಂದ ಎಂಜಿನಿಯರ್ ತಡವಾಗಿ. "ಅಲ್ಲಿದ್ದ ಆಪರೇಟರ್ ಬಾಯ್ಲರಿಗೆ ಅಂಟಿಕೊಂಡಿರೋ ಕ್ವಾರ್ಟರ್ಸಲ್ಲೇ ಇದ್ದಾರೆ. ಹುಡುಗರು ಹಬೆ ಅಜ್ಜ ಅಂತಾರೆ. ಆದ್ರೆ ಅವರಿಗೆ ತಮ್ಮ ಹೆಸರೂ ನೆನಪಿಲ್ಲ ಸಾರ್."

ಫಲಕದ ದಾರವನ್ನು ಉಣ್ಣೆಯ ಮೂರೆಳೆಯಿಂದ ಜಡೆಯ ಹಾಗೆ ಹೆಣೆಯಲಾಗಿತ್ತು. ಕಾನ್‌ಸ್ಟೇಬಲ್ ಅದನ್ನು ಬೆರಳಲ್ಲಿ ಹಿಡಿದು ನೋಡಿದಳು. ಫಲಕವನ್ನು ವಶಪಡಿಸಿಕೊಂಡು ಪಂಚರ ಸಹಿ ಪಡೆದಾಯಿತು.

ಮಧ್ಯಾಹ್ನ ಎಣ್ಣೆ ಸಪ್ಲೈದಾರನ ವಿಚಾರಣೆ. ಅವನಿಗೆ ಹೊಟ್ಟೆ ಉರಿ ಇದ್ದದ್ದು ನಿಜ, ಅದನ್ನು ಅವನು ಮುಚ್ಚಿಡಲೂ ಇಲ್ಲ. ಆದರೆ ನಿನ್ನೆ ಸಂಜೆ ಅವನು ಹಲ್ಲು ಕೀಳಿಸಿಕೊಳ್ಳುತ್ತ ದಂತವೈದ್ಯರ ಕುರ್ಚಿಯಲ್ಲಿದ್ದ. ಊದಿದ ಕೆನ್ನೆಯೇ ಸಾಕ್ಷಿ ಹೇಳುತ್ತಿತ್ತು.

"ಸಾರ್, ಒಂದು ಮಾತು," ಎಂದಳು ಕಾನ್‌ಸ್ಟೇಬಲ್, ಅವನು ಹೋದ ಮೇಲೆ. "ಪಂಪ್ ಬಂದಾಗಿಂದ ಹಬೆ ಅಜ್ಜ ಸಂಜೆ ಹೊತ್ತು ಮನೆ ಬಿಟ್ಟು ಹೊರಟುಬಿಡ್ತಿದ್ರು. ಕೆರೆ ಹತ್ರ ಹೋಗಿ ಹುಡುಕಿ ತರ್ತಿದ್ದವಳು ನಾನೇ. ಒಂದು ಸಲ ಎದೆಮಟ್ಟ ನೀರಲ್ಲಿದ್ರು. ಇನ್ನೆರಡು ಹೆಜ್ಜೆ ಇಟ್ಟಿದ್ರೆ ಮುಗಿದೇ ಹೋಗಿತ್ತು."

"ಸರಿ?"

"ಪಂಪ್ ಕೆಡೋಕೆ ಶುರುವಾದ ಮೇಲೆ ಅವರು ಕಳೆದುಹೋಗಿಲ್ಲ ಸಾರ್."

ಇನ್ಸ್‌ಪೆಕ್ಟರ್ ಟೋಪಿ ಎತ್ತಿಕೊಂಡರು. "ನೆನಪಿಲ್ಲದವರು ಟೇಪ್ ಸುತ್ತಲ್ಲ. ಮನೇಲಿ ಇನ್ಯಾರಿದ್ದಾರೆ?"

"ಹೆಂಡತಿ."

ನಾಲ್ಕೂಮುಕ್ಕಾಲಿಗೆ ಅವರು ಆ ಮನೆಯೊಳಗೆ ಕಾಲಿಟ್ಟರು. ಒಂದೇ ಕೋಣೆ, ಮೂಲೆಯಲ್ಲಿ ಒಲೆ. ಬಾಯ್ಲರ್ ಮನೆಗೆ ತಾಗಿದ ಗೋಡೆ ಬೆಚ್ಚಗಿತ್ತು, ಅದರೊಳಗಿಂದ ಗುಡುಗುಡು ಸದ್ದು ಒಂದೇ ಸಮನೆ ಬರುತ್ತಿತ್ತು. ಆ ಸದ್ದಿಗೆ ಲೋಟದಲ್ಲಿದ್ದ ನೀರು ಮೆಲ್ಲಗೆ ನಡುಗುತ್ತಿತ್ತು. ಗೋಡೆಗೆ ತಲೆಯಾನಿಸಿ ಅಜ್ಜ ಮಗುವಿನ ಹಾಗೆ ನಿದ್ದೆ ಹೋಗಿದ್ದರು. ಹೊಸಿಲು ದಾಟಿದ ಇನ್ಸ್‌ಪೆಕ್ಟರಿಗೂ ಒಮ್ಮೆಲೇ ಕಣ್ಣು ಎಳೆಯಿತು. ಯಾವುದೋ ದೂರದ ರೈಲಿನಲ್ಲಿ, ಅಮ್ಮನ ಮಗ್ಗುಲಲ್ಲಿ ಮಲಗಿದ್ದೇನೆ ಎಂದು ಅವರಿಗೆ ಅನಿಸಿತು.

ಅಜ್ಜಿ ಕಿಟಕಿಯ ಬಳಿ ಉಣ್ಣೆ ಹೆಣೆಯುತ್ತಿದ್ದರು. "ಮೆಲ್ಲಗೆ ಮಾತಾಡಿ, ಈಗಷ್ಟೇ ಮಲಗಿದ್ದಾರೆ," ಎಂದರು. ಕಾನ್‌ಸ್ಟೇಬಲ್‌ಳನ್ನು ನೋಡಿ, "ಬಾ ಮಗಳೇ, ಕೂತ್ಕೋ."

ಇನ್ಸ್‌ಪೆಕ್ಟರ್ ಫಲಕವನ್ನು ಮೇಜಿನ ಮೇಲಿಟ್ಟರು. ಅಜ್ಜಿ ಅದನ್ನು ನೋಡಿದರು. ಕಡ್ಡಿಗಳು ನಿಲ್ಲಲಿಲ್ಲ.

"ಇದು ನಿಮ್ಮದಾ?"

"ಇವರದು."

"ದಾರ?"

"ಹಳೇದು ಹರಿದಿತ್ತು. ನಾನೇ ಹೆಣೆದು ಹಾಕಿದೆ."

"ನಿನ್ನೆ ಸಂಜೆ ಎಲ್ಲಿದ್ರಿ?"

ಗೋಡೆಯಾಚೆ ಏನೋ ಕೆಮ್ಮಿದಂತಾಯಿತು. ಸದ್ದು ಒಮ್ಮೆ ತಗ್ಗಿತು, ಮತ್ತೆ ಎದ್ದಿತು, ನಿಂತೇ ಹೋಯಿತು. ಎಂಜಿನಿಯರ್ ಐದು ಗಂಟೆಗೆ ವೈರ್ ಸರಿಯಾಗುತ್ತದೆ ಎಂದಿದ್ದ. ಸರಿಯಾಗಿತ್ತು, ಪಂಪ್ ಮತ್ತೆ ಓಡುತ್ತಿತ್ತು. ಲೋಟದ ನೀರು ನಿಶ್ಚಲವಾಯಿತು.

ಅಜ್ಜ ಕಣ್ಣು ತೆರೆದರು. ಅಂಗೈಯನ್ನು ಗೋಡೆಗೆ ಒತ್ತಿ ನೋಡಿದರು.

"ಆರಿಹೋಯ್ತು," ಎಂದರು. "ಇವಳೇ, ನನ್ನ ಬೂಟ್ಸ್ ಎಲ್ಲಿ? ಮಕ್ಕಳು ನಡುಗ್ತಾವೆ."

"ಇಲ್ಲ ರೀ, ಮಕ್ಕಳು ಬೆಚ್ಚಗಿದ್ದಾರೆ. ಕೂತ್ಕೊಳ್ಳಿ."

"ಸುಳ್ಳು ಹೇಳಬೇಡ. ಗೋಡೆ ತಣ್ಣಗಾಗ್ತಿದೆ." ಅವರು ಎದ್ದೇಬಿಟ್ಟರು. ಕಾನ್‌ಸ್ಟೇಬಲ್ ಬಾಗಿಲಿಗೆ ಅಡ್ಡ ನಿಂತಳು. ಅವಳ ಭುಜ ಹಿಡಿದು, "ದಾರಿ ಬಿಡವ್ವ, ನಂಗೆ ಡ್ಯೂಟಿ ಇದೆ," ಎಂದು ಅಂಗಲಾಚಿದರು. ಗಟ್ಟಿ ಆಳು. ಮೂವರೂ ಸೇರಿ ಕೂರಿಸುವಷ್ಟರಲ್ಲಿ ಇನ್ಸ್‌ಪೆಕ್ಟರಿಗೆ ಏದುಸಿರು ಬಂತು, ಅಜ್ಜಿಯ ಕೈ ತರಚಿತು.

"ದಿನಾ ಹೀಗೇನಾ?"

"ಬಾಯ್ಲರ್ ಆರಿದ ದಿನವೆಲ್ಲ. ಹೊತ್ತಿಸೋಕೆ ಅಂತ ಹೊರಡ್ತಾರೆ, ಪಕ್ಕದ ಬಾಗಿಲೂ ಗುರುತು ಸಿಗದೆ ಎಲ್ಲೆಲ್ಲೋ ಹೋಗ್ತಾರೆ. ನಾನೊಬ್ಬಳೇ ಎಷ್ಟು ಹಿಡೀಲಿ? ಆ ದಿನ ಕೆರೇಲಿ..." ಅಜ್ಜಿ ತರಚಿದ ಕೈಯನ್ನು ಸೆರಗಿನಲ್ಲಿ ಒತ್ತಿಕೊಂಡರು. "ಪಂಪ್ ನಿಂತ್ರೆ ಬಾಯ್ಲರ್ ಹೊತ್ತಿಸ್ತಾರೆ ಅಂತ ಗೊತ್ತಾಯ್ತು. ನಾನೇ ಕತ್ತರಿಸಿದೆ. ಮೂರು ಸಲವೂ ನಾನೇ."

"ಫಲಕ ಯಾಕೆ ಹಾಕಿದ್ರಿ? ಅದಿಲ್ಲದಿದ್ರೆ ನಾವು ಇಲ್ಲಿಗೆ ಬರ್ತಾನೇ ಇರಲಿಲ್ಲ."

"ಅಯ್ಯೋ, ಫಲಕ ಹಾಕದೆ ಯಂತ್ರ ಮುಟ್ಟೋದುಂಟಾ? ಯಾವನೋ ಹುಡುಗ ಬಂದು ತಿಳೀದೆ ವಾಲ್ವ್ ತಿರುಗಿಸಿದ್ರೆ? ಇವರು ಒಂದು ದಿನವೂ ಹಾಗೆ ಮಾಡಿದವರಲ್ಲ."

ಇನ್ಸ್‌ಪೆಕ್ಟರ್ ಹೇಳಬಾರದೆಂದುಕೊಂಡಿದ್ದನ್ನು ಹೇಳಿದರು. "ನಿನ್ನೆ ಹಾಸ್ಟೆಲಿನ ಹುಡುಗಿಯೊಬ್ಬಳು ಚಳಿಗೆ ಉಬ್ಬಸ ಜಾಸ್ತಿಯಾಗಿ ಆಸ್ಪತ್ರೆ ಸೇರಿದ್ದಾಳೆ."

ಉಣ್ಣೆಯ ಉಂಡೆ ಜಾರಿ ನೆಲದ ಮೇಲೆ ಉರುಳಿತು. "ಬದುಕಿದ್ದಾಳಾ?"

"ಬದುಕಿದ್ದಾಳೆ. ನಾಳೆ ಮನೆಗೆ ಕಳಿಸ್ತಾರಂತೆ."

ಅಜ್ಜಿ ಬಹಳ ಹೊತ್ತು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಅಜ್ಜ ಅವರ ಬೆನ್ನು ಸವರುತ್ತ, "ಅಳಬೇಡ, ಈಗ ಹೋಗಿ ಹೊತ್ತಿಸ್ತೀನಿ," ಎನ್ನುತ್ತಿದ್ದರು.

"ನೋಟಿಸ್ ಕೊಟ್ಟು ಇಲ್ಲೇ ಬಿಡಬಹುದಲ್ವಾ ಸಾರ್?" ಎಂದು ಕಾನ್‌ಸ್ಟೇಬಲ್ ಪಿಸುಗುಟ್ಟಿದಳು.

ಅಜ್ಜಿಗೆ ಅದು ಕೇಳಿಸಿತು. "ಬಿಡಬೇಡಿ," ಎಂದರು ಕಣ್ಣೊರೆಸಿಕೊಂಡು. "ಇಲ್ಲಿದ್ರೆ ಮತ್ತೆ ಹೋಗ್ತೀನಿ. ಇವರು ಹೀಗೆ ಪರದಾಡೋದು ನೋಡ್ಕೊಂಡು ನಂಗೆ ಸುಮ್ಮನೆ ಕೂರೋಕಾಗಲ್ಲ."

"ಸೋಮವಾರ ಬಾಯ್ಲರ್ ಬಿಚ್ಚಿದ ಮೇಲೆ ಏನ್ ಮಾಡ್ತಿದ್ರಿ?"

"ಸೋಮವಾರದವರೆಗಷ್ಟೇ ಯೋಚನೆ ಮಾಡಿದ್ದೆ."

ಐದೂ ಇಪ್ಪತ್ತಕ್ಕೆ, ಬೆಳಕು ಇನ್ನೂ ಇರುವಾಗಲೇ ಬಂಧನವಾಯಿತು; ಹೊತ್ತು ಮುಳುಗಿದ ಮೇಲೆ ಹೆಂಗಸರನ್ನು ಬಂಧಿಸುವಂತಿಲ್ಲ. ಅಜ್ಜನನ್ನು ಒಬ್ಬರನ್ನೇ ಬಿಡುವಂತಿರಲಿಲ್ಲ. ಇಬ್ಬರನ್ನೂ ಜೀಪಿನ ಹಿಂದಿನ ಸೀಟಿನಲ್ಲಿ ಕೂರಿಸಿದರು. ಹಳೆಯ ಡೀಸೆಲ್ ಜೀಪು. ಚಾಲಕ ಕೀಲಿ ತಿರುಗಿಸಿದಾಗ ತಗಡೆಲ್ಲ ಗುಡುಗುಡು ಎಂದಿತು. ಅಜ್ಜ ಕತ್ತೆತ್ತಿ ಆಲಿಸಿದರು. ಅಂಗೈಯನ್ನು ಬದಿಯ ತಗಡಿಗೆ ಒತ್ತಿದರು.

"ಹೊತ್ತಿಕೊಂಡಿತು," ಎಂದರು. ಮಂಜಿನಲ್ಲಿ ಬೀದಿದೀಪಗಳು ಒಂದೊಂದಾಗಿ ತೇಲಿ ಬಂದು ಹಿಂದೆ ಸರಿದವು. ಮೊದಲ ತಿರುವು ದಾಟುವ ಮೊದಲೇ ಅವರು ಹೆಂಡತಿಯ ಭುಜಕ್ಕೆ ತಲೆಯಿಟ್ಟು ಮಲಗಿದ್ದರು.

ಠಾಣೆ ಬಂತು. ಚಾಲಕ ಕೀಲಿಗೆ ಕೈ ಹಾಕಿದ.

"ಆರಿಸಬೇಡ," ಎಂದರು ಇನ್ಸ್‌ಪೆಕ್ಟರ್.

"ಸಾರ್, ಡೀಸೆಲ್..."

"ಇರಲಿ ಅಂದೆ."

ಕಾನ್‌ಸ್ಟೇಬಲ್ ಒಳಗಿನಿಂದ ಕಾಗದ ತಂದು ಜೀಪಿನಲ್ಲೇ ಬರೆಯಲು ಕೂತಳು. ಕೃತ್ಯದ ಉದ್ದೇಶ ಎಂಬಲ್ಲಿ ಏನು ಬರೆಯಬೇಕೆಂದು ತೋಚದೆ ಮೇಲೆ ನೋಡಿದಳು. ಇನ್ಸ್‌ಪೆಕ್ಟರ್ ಪೆನ್ನು ಇಸಿದುಕೊಂಡು ತಾವೇ ಬರೆದರು: ಗಂಡನಿಗೆ ನಿದ್ದೆ ಬರಲೆಂದು.

ಇನ್ನೊಂದು ಪ್ರಶ್ನೆ ಉಳಿದಿತ್ತು. ಅದನ್ನು ಕೇಳಲೇಬೇಕು, ಕಾನೂನು.

"ನಿಮ್ಮನ್ನ ಬಂಧಿಸಿರೋ ವಿಷಯ ಮನೆಯವರಲ್ಲಿ ಯಾರಿಗೆ ತಿಳಿಸಬೇಕಮ್ಮ?"

ಅಜ್ಜಿ ಭುಜ ಅಲುಗದ ಹಾಗೆ ಕೈ ಚಾಚಿ ಸಹಿ ಹಾಕಿದರು.

"ಇವರಿಗೇ. ಇವರನ್ನ ಬಿಟ್ರೆ ನಂಗೆ ಇನ್ಯಾರಿದ್ದಾರೆ? ಆದ್ರೆ ಈಗ ಎಬ್ಬಿಸಬೇಡಿ."