ಪಕ್ಕಕ್ಕೆ ಸರಿದ ಚಾಕು

ಚಾಕು ಗಟ್ಟಿಯಾದ ಯಾವುದಕ್ಕೋ ತಗುಲಿ ನಿಂತಿತು.

ಆರಾಸೆಲಿ ಉಸಿರು ಬಿಗಿಹಿಡಿದಳು. ಬಳೆಯಾಕಾರದ ಆ ದೊಡ್ಡ ಸಿಹಿ ಬ್ರೆಡ್ಡಿನ ಒಳಗೆ, ಸಕ್ಕರೆಪಾಕದ ಹಣ್ಣಿನ ಚೂರುಗಳ ಕೆಳಗೆ, ಬಾಲಯೇಸುವಿನ ಪುಟ್ಟ ಪ್ಲಾಸ್ಟಿಕ್ ಗೊಂಬೆ ಅವಳ ಚಾಕುವಿಗಾಗಿಯೇ ಕಾದು ಮಲಗಿತ್ತು.

ಯಾರಾದರೂ ನೋಡಿದರೇ?

ಇಲ್ಲ. ಬೇಕರಿಯ ಹಿಂದಿನ ಹಾಲ್‌ನಲ್ಲಿ ಕುಂಬಿಯಾ ಹಾಡು ಜೋರಾಗಿತ್ತು. ಕಿಟಕಿಯ ಆಚೆ ಒಮಾಹಾ ಊರಿನ ಮೇಲೆ ಹಿಮ ಸದ್ದಿಲ್ಲದೆ ಬೀಳುತ್ತಿತ್ತು. ಒಂಟಿ ಹೆಂಗಸರು, ಒಂಟಿ ಗಂಡಸರು ಬಿಸಿ ಚಾಕೊಲೇಟಿನ ಲೋಟ ಹಿಡಿದು ಒಬ್ಬರನ್ನೊಬ್ಬರು ನೋಡಿಯೂ ನೋಡದ ಹಾಗೆ ನಿಂತಿದ್ದರು.

ಅವಳು ಚಾಕುವನ್ನು ಮೆಲ್ಲಗೆ ಎತ್ತಿದಳು. ಒಂದು ಬೆರಳಿನಷ್ಟು ಪಕ್ಕಕ್ಕೆ ಸರಿಸಿದಳು. ಕೊಯ್ದಳು.

"ನಿಮ್ಮ ಸರದಿ," ಎಂದು ಮುಖ ನೋಡದೆ ಪಕ್ಕದವನಿಗೆ ಚಾಕು ದಾಟಿಸಿದಳು.

ಅವನು ತನ್ನ ತುಂಡು ಕೊಯ್ದುಕೊಂಡ. ತುಂಡು ಎರಡಾಗಿ ಬಿರಿಯಿತು. ಒಳಗಿಂದ ಬಿಳಿಯ ಪುಟ್ಟ ಕಾಲೊಂದು ಇಣುಕಿತು.

"ಸಿಕ್ತು," ಎಂದು ಅವನು ಗೊಂಬೆಯನ್ನು ತಲೆಯ ಮೇಲೆತ್ತಿ ಹಿಡಿದ. "ನಂಗೇ ಸಿಕ್ತು ನೋಡ್ರಪ್ಪಾ."

ಇಡೀ ಹಾಲ್ ನಕ್ಕಿತು. ಸಾಮಾನ್ಯವಾಗಿ ಗೊಂಬೆ ಸಿಕ್ಕವರು ಅದನ್ನು ಕೆನ್ನೆಯೊಳಗೆ ಅಡಗಿಸುತ್ತಾರೆ, ಕರವಸ್ತ್ರಕ್ಕೆ ಉಗಿಯುತ್ತಾರೆ. ಇಷ್ಟು ಸಂತೋಷದಿಂದ ಸಿಕ್ಕಿಬಿದ್ದವರನ್ನು ಯಾರೂ ನೋಡಿರಲಿಲ್ಲ.

ಅವನು ಅವಳ ಕಿವಿಯ ಹತ್ತಿರ ಬಗ್ಗಿದ. "ನಾನು ನೋಡಿದೆ. ನಿಮ್ಮ ಚಾಕು ಮೊದಲು ಅದಕ್ಕೇ ತಗುಲ್ತು. ನೀವೇ ಸರಿಸಿದ್ರಿ... ಯಾಕೆ?"

ಆರಾಸೆಲಿಯ ಮುಖ ಬಿಸಿಯಾಯಿತು. ಅವನ ಕಣ್ಣಲ್ಲಿ ಕುಚೋದ್ಯ ಇದೆಯೇ ಎಂದು ಹುಡುಕಿದಳು. ಕಂಡದ್ದು ಬೆರಗು ಮಾತ್ರ. ಅದು ಇನ್ನೂ ಕಷ್ಟ.

"ಸೆಕೆ ಆಗ್ತಿದೆ," ಎಂದವಳೇ ನೀಲಿ ಕೋಟು ಎತ್ತಿಕೊಂಡು ಹಿಮದೊಳಕ್ಕೆ ನಡೆದುಬಿಟ್ಟಳು.

*

ಆ ಕೂಟ ನಡೆಸುತ್ತಿದ್ದವಳು ಅವಳ ಚಿಕ್ಕಮ್ಮ ಚೆಲಾ. ಗಂಡ ತೀರಿಕೊಂಡ ಮೇಲೆ ಮನೆಯ ಮೌನ ತಡೆಯಲಾರದೆ, ಬೇರೆ ಬೇರೆ ದೇಶಗಳಿಂದ ಬಂದು ಊರಲ್ಲಿ ನೆಲೆಸಿದ, ಸ್ಪ್ಯಾನಿಷ್ ಆಡುವ ಒಂಟಿ ಲ್ಯಾಟಿನೋಗಳನ್ನೆಲ್ಲ ತಿಂಗಳಿಗೊಮ್ಮೆ ಸೇರಿಸುತ್ತಿದ್ದಳು. ಹೊರಗಿನವರ ಕಣ್ಣಿಗೆ ಅವರೆಲ್ಲ ಒಂದೇ ಜನ. ಹಾಲ್‌ನ ಒಳಗೆ ಮಾತ್ರ ಕಪ್ಪು ಕಾಳಿನ ಸಾರು ರುಚಿಯೋ ಕೆಂಪು ಕಾಳಿನ ಸಾರು ರುಚಿಯೋ ಎಂಬುದಕ್ಕೇ ಜಗಳ ಹತ್ತುತ್ತಿತ್ತು.

"ಎಲ್ಲಿಗೂ ಬರಲ್ಲ ಅಂತೀಯ, ಮೂರು ರಾಜರ ಹಬ್ಬಕ್ಕಾದ್ರೂ ಬಾರೇ," ಎಂದು ಚೆಲಾ ಗೋಗರೆದಿದ್ದಳು. "ಹೋಗೋಳು ಹೋಗ್ತೀಯ. ಒಂದು ಸಂಜೆ ನಗುನಗ್ತಾ ಇದ್ದು ಹೋಗು."

ಹೌದು, ಆರಾಸೆಲಿ ಹೊರಟುನಿಂತಿದ್ದಳು. ಷಿಕಾಗೋದಲ್ಲಿ ಸೋದರತ್ತೆಯ ಮಗಳು ಕೋಣೆ ನೋಡಿಟ್ಟಿದ್ದಳು, ಹೊಲಿಗೆಯ ಕೆಲಸವನ್ನೂ ಮಾತಾಡಿದ್ದಳು. ಬಸ್ಸು ಫೆಬ್ರವರಿಯ ಕಾಂದೆಲಾರಿಯಾ ಹಬ್ಬದ ಬೆಳಿಗ್ಗೆ. ಜನವರಿಯ ಮೂರು ರಾಜರ ಹಬ್ಬದಲ್ಲಿ ಗೊಂಬೆ ಸಿಕ್ಕವರು ಅದೇ ಕಾಂದೆಲಾರಿಯಾದ ಸಂಜೆ ಕೂಟಕ್ಕೆಲ್ಲ ಮೆಕ್ಕೆಜೋಳದ ಹಿಟ್ಟಿನ ಕಡುಬಿನಂಥ ತಮಾಲೆ ಮಾಡಿ ಬಡಿಸಬೇಕು. ಊರಲ್ಲೇ ಇರದವಳು ಒಪ್ಪಿಕೊಳ್ಳುವುದು ಹೇಗೆ? ಹೊರಡುವ ವಿಷಯ ಅಲ್ಲಿ ಹತ್ತು ಜನರ ಮುಂದೆ ಹೇಳುವುದು ಹೇಗೆ? ಹಾಗಾಗಿ ಚಾಕು ಸರಿಯಿತು.

ಹೊರಡುವ ವಿಷಯ ತಿಳಿದಿದ್ದರೂ ಯಾಕೆಂದು ಬೀದಿಯಲ್ಲಿ ಯಾರೂ ಕೇಳುತ್ತಿರಲಿಲ್ಲ. ಅವಳ ಕಥೆ ಎಲ್ಲರಿಗೂ ಗೊತ್ತಿತ್ತು. ಕೆಲವು ವರ್ಷಗಳ ಹಿಂದೆ ಅವಳ ಮದುವೆಯ ವಾರದಲ್ಲೇ, ವರನಾಗಬೇಕಿದ್ದ ರಮೀರೋ ಟೆಕ್ಸಾಸಿಗೆ ಹೋದವನು ತಿರುಗಿ ಬರಲಿಲ್ಲ. ತನಗಾಗಿ ತಾನೇ ಹೊಲಿದುಕೊಂಡ ಮದುವೆಯ ಗೌನನ್ನು ಆರಾಸೆಲಿ ಹೊಲಿಗೆ ಹೊಲಿಗೆಯಾಗಿ ಬಿಚ್ಚಿದಳು. ಅದರ ಲೇಸು ಈಗ ಯಾರ್ಯಾರದೋ ತೋಳಿನ ಮೇಲಿದೆ. ಅಂದಿನಿಂದ, ಮಗಳ ಮದುವೆಯ ಗೌನು ಹೊಲಿಸಲು ಅವಳ ಹೊಲಿಗೆ ಅಂಗಡಿಗೆ ಬರುವ ಕೆಲವು ತಾಯಂದಿರು, "ಹೊಲಿಗೆ ನಿನ್ನದೇ ಇರ್ಲಮ್ಮ... ಕೊನೇ ಗುಂಡಿ ಮಾತ್ರ ಬೇರೆ ಯಾರಾದ್ರೂ ಹಾಕ್ಲಿ," ಎನ್ನುತ್ತಿದ್ದರು. ಮೆತ್ತಗೆ, ನಗುತ್ತಲೇ, ಅವಳ ಕೈಗುಣವೇ ಕೆಟ್ಟದ್ದು ಎಂಬಂತೆ.

ಆ ನಗುವಿನಿಂದ ದೂರ ಹೋಗಬೇಕಿತ್ತು ಅವಳಿಗೆ. ಅಷ್ಟೇ.

*

ಮರುವಾರ ಅಂಗಡಿಯ ಹೀಟರ್ ಕೆಟ್ಟಿತು. ರಿಪೇರಿಗೆ ಬಂದವನು ಗೊಂಬೆ ಸಿಕ್ಕ ಅವನೇ. ಹೆಸರು ನೆರಿಯೋ. ವೆನೆಜುವೆಲಾದ ಮರಕೈಬೋದವನು. ವರ್ಷವಿಡೀ ಬೆವರುವ ಊರಿಂದ ಬಂದು, ಇಲ್ಲಿ ಜನರ ಮನೆ ಬೆಚ್ಚಗಿಡುವ ಕೆಲಸ ಹಿಡಿದಿದ್ದ.

ಹೀಟರಿನ ಹೊಟ್ಟೆಯೊಳಗೆ ತಲೆ ತೂರಿಸಿಕೊಂಡೇ ಮಾತು ಶುರು ಮಾಡಿದ. "ನಮ್ಮಮ್ಮನಿಗೆ ಫೋನ್ ಮಾಡಿ ಹೇಳಿದೆ, ಗೊತ್ತಾ?"

"ಏನಂತ?"

"ನೀಲಿ ಕೋಟಿನ ಹುಡುಗಿಯೊಬ್ಬಳು ತನ್ನ ಅದೃಷ್ಟ ನಂಗೆ ಕೊಟ್ಟುಬಿಟ್ಲು ಅಂತ." ಅವನು ಹೊರಗೆ ತಲೆ ಹಾಕಿದ. ಮೂಗಿನ ಮೇಲೆ ಮಸಿ. "ಗೊಂಬೆ ಅಂದ್ರೆ ಅದೃಷ್ಟ ತಾನೇ? ನಮ್ಮ ಕಡೆ ಆ ಬ್ರೆಡ್ಡೇ ಇಲ್ಲ. ನಾನು ಹಾಗಂದ್ಕೊಂಡೆ. ಮುಖಪರಿಚಯವೇ ಇಲ್ಲದವನಿಗೆ ಯಾರು ಕೊಡ್ತಾರೆ ಹೇಳಿ, ಈ ಕಾಲದಲ್ಲಿ? ಅಮ್ಮ ಅತ್ತುಬಿಟ್ಲು."

ಆರಾಸೆಲಿಯ ಕೈಯಲ್ಲಿದ್ದ ಸೂಜಿ ಬಟ್ಟೆಯ ಬದಲು ಬೆರಳಿಗೆ ಇಳಿಯಿತು.

*ಅದೃಷ್ಟವಾ... ನನ್ನದಾ?*

ಸುಮ್ಮನಿರಬಹುದಿತ್ತು. ಹೇಗೂ ಊರು ಬಿಡುವವಳು. ಆದರೆ ಮೂಗಿನ ಮೇಲೆ ಮಸಿ ಹಚ್ಚಿಕೊಂಡು ಅಷ್ಟು ನಂಬಿಕೆಯಿಂದ ನಿಂತವನ ಮುಂದೆ ಸುಳ್ಳು ನಾಲಿಗೆಗೆ ಬರಲಿಲ್ಲ.

"ಅದೃಷ್ಟ ಅಲ್ಲರೀ ಅದು," ಎಂದಳು. "ಗೊಂಬೆ ಸಿಕ್ಕವರು ಎಲ್ಲರಿಗೂ ತಮಾಲೆ ಮಾಡಿ ಹಾಕ್ಬೇಕು. ಅದನ್ನ ತಪ್ಪಿಸ್ಕೊಳ್ಳೋಕೆ ನಾನು ಚಾಕು ಸರಿಸಿದೆ. ನಿಮಗೆ ಕೊಟ್ಟಿದ್ದಲ್ಲ... ನಿಮ್ಮ ತಲೆಗೆ ಕಟ್ಟಿದ್ದು."

ನೆರಿಯೋ ಕೊನೆಯ ತಿರುಪು ಬಿಗಿದ. ಹೀಟರ್ ಒಮ್ಮೆ ಕೆಮ್ಮಿ, ಗುಂಯ್ ಎಂದು ಉರಿಯತೊಡಗಿತು.

"ಅದಕ್ಕೇ ಎಲ್ಲರೂ ನಕ್ಕಿದ್ದು," ಎಂದ. ಸ್ಪ್ಯಾನರುಗಳನ್ನು ಒಂದೊಂದಾಗಿ ಪೆಟ್ಟಿಗೆಗೆ ಹಾಕಿದ. "ಇರ್ಲಿ ಬಿಡಿ. ಮಾಡಿ ಹಾಕ್ತೀನಿ."

ಬಾಗಿಲು ಮುಚ್ಚಿದ ಮೇಲೆ ಅಂಗಡಿ ಬೆಚ್ಚಗಾಯಿತು. ಅವಳಿಗೆ ಮಾತ್ರ ಚಳಿ ಬಿಡಲಿಲ್ಲ.

*

ಕಾಂದೆಲಾರಿಯಾದ ಹಿಂದಿನ ದಿನ ಮಧ್ಯಾಹ್ನ ಅವಳು ಸೂಟ್‌ಕೇಸ್ ಮುಚ್ಚಿ ಮಹಡಿಯಿಂದ ಕೆಳಗಿಳಿದಾಗ, ಚಿಕ್ಕಮ್ಮನ ಅಡುಗೆಮನೆಯಲ್ಲಿ ನೆರಿಯೋ ನಿಂತಿದ್ದ. ಮೇಜಿನ ತುಂಬ ನೆನೆಸಿದ ಮೆಕ್ಕೆಜೋಳದ ತೆನೆಯ ಸಿಪ್ಪೆ. ಅವನು ಒಂದು ಸಿಪ್ಪೆಗೆ ಗೋಡೆಗೆ ಗಾರೆ ಮೆತ್ತುವ ಹಾಗೆ ಹಿಟ್ಟು ಮೆತ್ತುತ್ತಿದ್ದ.

"ನೋಡೇ, ನಿನ್ನ ತಪ್ಪಿಗೆ ನನ್ನ ಅಡುಗೆಮನೆ ಹಾಳು," ಎಂದಳು ಚೆಲಾ. "ಬಾಳೆಲೇಲಿ ಮಾಡೋಣ ಅಂತಾನೆ ಈತ. ಸಿಪ್ಪೇಲಿ ಕಟ್ಟಿದ್ದು ಉಪವಾಸದ ಊಟದ ಹಾಗಿದೆಯಂತೆ."

"ನಮ್ಮ ಕಡೆ ಹಾಗೇ ಚೆಲಾಮ್ಮಾ. ಒಳಗೆ ಆಲಿವ್, ದ್ರಾಕ್ಷಿ, ಕೋಳಿ, ಎಲ್ಲ ಇರುತ್ತೆ."

"ಅದು ತಮಾಲೆ ಅಲ್ಲಪ್ಪಾ, ಸಂತೆ."

ಆರಾಸೆಲಿ ನಗು ತಡೆದುಕೊಂಡು ಅಂಗಿಯ ತೋಳು ಮಡಚಿದಳು. "ಚಮಚದ ಬೆನ್ನಿಂದ ಹಚ್ಚಿ. ತೆಳ್ಳಗೆ. ಹೀಗೆ..."

ಅವನು ಸರಿದು ಜಾಗ ಕೊಟ್ಟ. ಮುಖ ನೋಡಲಿಲ್ಲ. ಹಚ್ಚಿದರು, ತುಂಬಿದರು, ಮಡಚಿದರು. ಮೊಣಕೈಗೆ ಮೊಣಕೈ ತಗುಲಿದಾಗಲೆಲ್ಲ ಇಬ್ಬರೂ ಒಟ್ಟಿಗೆ ಕ್ಷಮೆ ಕೇಳಿದರು. ದೊಡ್ಡ ಪಾತ್ರೆಗೆ ತುಂಬಿ ಒಲೆಯ ಮೇಲಿಟ್ಟರು. ಹಬೆ ಎದ್ದು ಕಿಟಕಿಯ ಗಾಜು ಮಂಜಾಯಿತು. ಆಚೆಯ ಬೀದಿ, ಹಿಮ, ದೀಪಗಳು ಎಲ್ಲ ಕರಗಿ, ಅಡುಗೆಮನೆ ಒಂದು ಬಿಳಿಯ ಮೋಡದೊಳಗೆ ತೇಲುತ್ತಿರುವಂತೆ ಕಂಡಿತು.

ಬೇಯಬೇಕಾದಷ್ಟು ಹೊತ್ತಾಯಿತು. ಅದಕ್ಕೂ ಹೆಚ್ಚಾಯಿತು. ಚೆಲಾ ಒಂದನ್ನು ಬಿಚ್ಚಿ ನೋಡಿದಳು. ಹಿಟ್ಟು ಹಸಿಹಸಿಯಾಗಿ ಸಿಪ್ಪೆಗೆ ಅಂಟಿಕೊಂಡಿತ್ತು.

"ಗೊತ್ತಿತ್ತು ನಂಗೆ," ಎಂದಳು ಸೊಂಟಕ್ಕೆ ಕೈಯಿಟ್ಟು. "ಈ ಮನೇಲಿ ಯಾರೋ ಮುನಿಸಿಕೊಂಡಿದಾರೆ. ಮುನಿಸು ಇದ್ದ ಕಡೆ ತಮಾಲೆ ಬೇಯಲ್ಲ."

"ಗ್ಯಾಸ್ ಕಮ್ಮಿ ಬರ್ತಿರಬಹುದು, ನೋಡ್ತೀನಿ," ಎಂದು ನೆರಿಯೋ ಒಲೆಯ ಕಡೆ ಬಗ್ಗಿದ.

"ನನ್ನ ಒಲೆ ಮುಟ್ಟಿದ್ರೆ ಕೈ ಮುರೀತೀನಿ. ಪಾತ್ರೆ ಮುಂದೆ ಕುಣೀಬೇಕು. ಅದೇ ಇದಕ್ಕೆ ಮದ್ದು. ನನ್ನಮ್ಮ ಕುಣಿದಿದಾಳೆ, ನಾನು ಕುಣಿದಿದೀನಿ." ರೇಡಿಯೋದ ಕಿವಿ ಹಿಂಡಿ, ಶಾಲು ಹೊದ್ದುಕೊಂಡಳು. "ನಂದು ಮಂಡಿನೋವು. ನೀವಿಬ್ಬರು ಕುಣೀರಿ. ನಾನು ಬೇಕರಿವರೆಗೆ ಹೋಗಿ ಬರ್ತೀನಿ."

ಬಾಗಿಲು ಮುಚ್ಚಿಕೊಂಡಿತು. ರೇಡಿಯೋದಲ್ಲಿ ನಿಧಾನದ ಬೊಲೆರೋ ಪ್ರೇಮಗೀತೆಯೊಂದು ಶುರುವಾಯಿತು.

ಇಬ್ಬರೂ ಪಾತ್ರೆಯನ್ನು ನೋಡಿದರು.

"ಇದೂ ನಿಮ್ಮ ಪದ್ಧತಿನಾ?" ಎಂದ ಅವನು. "ಇಲ್ಲಾ ಇದನ್ನೂ ನನ್ನ ತಲೆಗೆ ಕಟ್ತಿದೀರಾ?"

"ಪದ್ಧತಿ. ಆಣೆಯಾಗ್ಲೂ."

ಅವನು ಕೈಯ ಹಿಟ್ಟು ಒರೆಸಿಕೊಂಡು ಕೈ ಚಾಚಿದ. ಅವಳು ಕೊಟ್ಟಳು. ಬಿಸಿಯಾದ, ಒರಟಾದ ಕೈ. ಹಬೆಯ ನಡುವೆ ಒಂದು ಹೆಜ್ಜೆ, ಮತ್ತೊಂದು ಹೆಜ್ಜೆ. ಯಾರ ಕಾಲು ಎಲ್ಲಿದೆ ಎಂದು ಯಾರಿಗೂ ಕಾಣುತ್ತಿರಲಿಲ್ಲ. ಆದರೂ ಯಾರೂ ಯಾರನ್ನೂ ತುಳಿಯಲಿಲ್ಲ. *ಇದು ಕನಸಾಗಿದ್ದರೆ ಎಷ್ಟು ಸುಲಭ,* ಅಂದುಕೊಂಡಳು. *ಎದ್ದು ಬಸ್ಸು ಹತ್ತಬಹುದು...*

"ಮುನಿಸಿಕೊಂಡಿರೋದು ನಾನಲ್ಲ," ಎಂದ ನೆರಿಯೋ. "ಆವತ್ತು ಬೇಜಾರಾಯ್ತು, ನಿಜ. ಬೀದೀಲಿ ಎಲ್ಲರೂ ನನ್ನ ಆಡ್ಕೊಂಡ್ರು. ಆದ್ರೆ ನಿಜ ಹೇಳಿದವರು ನೀವೊಬ್ಬರೇ. ಹಾಗಾದ್ರೆ ಮುನಿಸು ಯಾರದು?"

ಅವಳು ಅವನ ಹೆಗಲ ಆಚೆ, ಮಂಜಾದ ಗಾಜನ್ನು ನೋಡುತ್ತ ಹೇಳಿದಳು. ಬೆಳಗಿನ ಬಸ್ಸಿನ ಬಗ್ಗೆ. ಷಿಕಾಗೋದ ಕೋಣೆಯ ಬಗ್ಗೆ. ಚಾಕು ಯಾಕೆ ಸರಿಯಿತು ಎಂಬುದರ ಬಗ್ಗೆ.

ಅವನ ಹೆಜ್ಜೆ ಒಂದು ಕ್ಷಣ ತಪ್ಪಿತು. "ಅಲ್ಲಿ ಏನಿದೆ?"

"ಅಲ್ಲಿ ನನ್ನ ಕಥೆ ಯಾರಿಗೂ ಗೊತ್ತಿಲ್ಲ. ಇಲ್ಲಿ ಪ್ರತಿ ಬಾಗಿಲಿಗೂ ಗೊತ್ತು. ನಿಮಗೆ ಗೊತ್ತಿಲ್ಲ, ಅದಕ್ಕೇ ನಿಮ್ಮ ಜೊತೆ..."

"ಗೊತ್ತು."

ಅವಳು ತಲೆಯೆತ್ತಿದಳು.

"ನಾನು ಬಂದ ಮೊದಲನೇ ವಾರವೇ ಬೇಕರಿಯವರು ಹೇಳಿದ್ರು. ಬ್ರೆಡ್ ಕಟ್ಟಿಕೊಡ್ತಾ ಇಡೀ ಕಥೆ ಹೇಳಿದ್ರು."

"ಗೊತ್ತಿದ್ದೂ... ನನ್ನ ಕೈಯಿಂದ ಅದೃಷ್ಟ ಬಂತು ಅಂದುಕೊಂಡ್ರಾ?"

"ಮತ್ತೆ? ಓಡಿಹೋದವನಿಗೆ ತಲೆ ಸರಿ ಇಲ್ಲ ಅಂದ್ಕೊಂಡೆ. ಅದಕ್ಕೂ ನಿಮ್ಮ ಕೈಗೂ ಏನು ಸಂಬಂಧ?"

ಎಷ್ಟು ಸಾಧಾರಣವಾಗಿ ಹೇಳಿದ. ಕೆಟ್ಟ ಹೀಟರಿನಲ್ಲಿ ಯಾವ ಭಾಗ ಹಾಳಾಗಿದೆ, ಯಾವುದು ಚೆನ್ನಾಗಿದೆ ಎಂದು ಹೇಳುವ ಹಾಗೆ. ವರ್ಷಗಳಿಂದ ಎದೆಯಲ್ಲಿ ಮಡಚಿಟ್ಟಿದ್ದ ಏನೋ ಒಂದು ಮೆಲ್ಲಗೆ ಬಿಚ್ಚಿಕೊಂಡಂತಾಯಿತು. ಅಳಬಾರದು ಅಂದುಕೊಂಡಳು. ಹಬೆಯಲ್ಲಿ ಯಾರಿಗೆ ಗೊತ್ತಾಗುತ್ತದೆ ಎಂದೂ ಅಂದುಕೊಂಡಳು.

"ಅಮ್ಮನಿಗೆ ನಾನಿನ್ನೂ ನಿಜ ಹೇಳಿಲ್ಲ," ಎಂದ ಅವನು ತಗ್ಗಿದ ದನಿಯಲ್ಲಿ. "ದಿನಾ ಕೇಳ್ತಾಳೆ, ಆ ಹುಡುಗಿ ಹೇಗಿದಾಳೆ ಅಂತ. ಚೆನ್ನಾಗಿದಾಳೆ ಅಂತೀನಿ. ಊಟ ಮಾಡಿದ್ಲಾ ಅಂತಾಳೆ. ಮಾಡಿದ್ಲು ಅಂತೀನಿ."

"ನಾನು ಊಟ ಮಾಡಿದ್ದು ನಿಮಗೆ ಹೇಗೆ ಗೊತ್ತು?"

"ದಿನಾ ಮಧ್ಯಾಹ್ನ ನಿಮ್ಮ ಅಂಗಡಿ ಮುಂದೆ ವ್ಯಾನ್ ನಿಧಾನ ಮಾಡ್ತೀನಿ."

ಹಾಡು ಮುಗಿದಿತ್ತು. ಜಾಹೀರಾತು ಶುರುವಾಗಿತ್ತು. ಇಬ್ಬರೂ ಕುಣಿಯುತ್ತಲೇ ಇದ್ದರು.

"ಆರಾಸೆಲಿ," ಎಂದ. ಮೊದಲ ಸಲ ಹೆಸರು ಹಿಡಿದು ಕರೆದದ್ದು. "ನೀವು ಇರಿ ಅಂತ ಕೇಳೋ ಹಕ್ಕು ನನಗಿಲ್ಲ. ನಾನೂ ಒಂದೂರು ಬಿಟ್ಟು ಬಂದವನೇ. ಹೊರಟವರನ್ನ ತಡೀಬಾರದು ಅಂತ ಗೊತ್ತು. ಆದ್ರೆ ನಾಳೆ ಬಸ್ಸಲ್ಲಿ ಹೋಗ್ಬೇಡಿ. ನನ್ನ ವ್ಯಾನಲ್ಲಿ ಬಿಡ್ತೀನಿ, ಷಿಕಾಗೋವರೆಗೂ."

"ನಾಳೆ ಸಂಜೆ ತಮಾಲೆ ಬಡಿಸೋದು ನೀವು."

"ಚೆಲಾಮ್ಮ ಬಡಿಸ್ತಾರೆ. ನನ್ನ ಇನ್ನಷ್ಟು ಆಡ್ಕೊಳ್ಳಲಿ, ಪರವಾಗಿಲ್ಲ. ಒಂದು ಹಗಲು ಪೂರ್ತಿ ನಿಮ್ಮ ಪಕ್ಕ ಕೂತಿರಬಹುದು. ಅಷ್ಟು ಸಾಕು ನಂಗೆ. ಬಾಗಿಲವರೆಗೆ ಬಿಟ್ಟು, ಸೂಟ್‌ಕೇಸ್ ಇಳಿಸಿ, ವಾಪಸ್ ಬಂದ್ಬಿಡ್ತೀನಿ. ಬೆಳಿಗ್ಗೆ ಎಷ್ಟು ಹೊತ್ತಿಗೆ ಬರ್ಲಿ?"

ಆರಾಸೆಲಿ ಅವನ ಕೈ ಬಿಡಲಿಲ್ಲ. ಷಿಕಾಗೋದ ಆ ಕೋಣೆಯನ್ನು ಕಣ್ಣೆದುರು ತಂದುಕೊಳ್ಳಲು ನೋಡಿದಳು. ಯಾರಿಗೂ ಅವಳ ಕಥೆ ಗೊತ್ತಿಲ್ಲದ, ಅವಳು ಊಟ ಮಾಡಿದಳೇ ಎಂದು ಯಾರೂ ಕೇಳದ ಆ ಕೋಣೆ.

"ಬರ್ಬೇಡ," ಎಂದಳು.

ಅವನು ತಲೆ ತಗ್ಗಿಸಿದ. "ಸರಿ. ಬಸ್ಸೇ ವಾಸಿ ಅಂದ್ರೆ..."

"ಬಸ್ಸೂ ಬೇಡ, ನಿನ್ನ ವ್ಯಾನೂ ಬೇಡ," ಎಂದಳು ಆರಾಸೆಲಿ. "ನಾನು ಹೋಗಲ್ಲ, ನೆರಿಯೋ."