ಗೆದ್ದಲು ಹಿಡಿದ ವಸತಿಗೃಹ

ಆಸ್ತಿ ಪಾಲಾದ ದಿನ ಅಪ್ಪಯ್ಯ ಮೇಳಿಗೆಯ ಗದ್ದೆಗಳನ್ನು ಹಿರಿಯ ಮಗ ಮಂಜಯ್ಯನಿಗೂ ತೀರ್ಥಹಳ್ಳಿಯ ಹೊಳೆದಂಡೆಯ ವಸತಿಗೃಹವನ್ನು ಕಿರಿಯವನಿಗೂ ಕೊಟ್ಟಾಗ, ಗೆದ್ದವನು ಮಂಜಯ್ಯನೇ ಎಂದು ಊರು ಹೇಳಿತ್ತು. ಅವನೂ ಹಾಗೇ ನಂಬಿದ್ದ. ಹದಿನೈದು ವರ್ಷ ಕಳೆದು, ಉಳುವವನಿಗೇ ಭೂಮಿ ಎಂಬ ಮಾತು ಜಗಲಿಯಿಂದ ಜಗಲಿಗೆ ಹರಿದಾಡತೊಡಗಿದ ಮೇಲೆ ಆ ಗೆಲುವು ಬಾಯಲ್ಲಿ ಕಹಿಯಾಯಿತು. ಗೇಣಿಗೆ ಕೊಟ್ಟ ಗದ್ದೆ ಇವತ್ತಲ್ಲ ನಾಳೆ ಕೈತಪ್ಪುತ್ತದೆ. ಹೊಳೆದಂಡೆಯ ಕಟ್ಟಡವನ್ನು ಯಾವ ಗೇಣಿದಾರನೂ ಕೇಳುವಂತಿಲ್ಲ.

ಅದು ತುಂಗೆಗೆ ಮುಖ ಮಾಡಿ ನಿಂತ ಎರಡಂತಸ್ತಿನ ಹಳೆಯ ಕಟ್ಟಡ. ಸೇತುವೆ ಆಗುವ ಮೊದಲು ದೋಣಿಗೆ ಕಾಯುವವರು ಅಲ್ಲಿ ತಂಗುತ್ತಿದ್ದರು. ಮಹಡಿಯ ಎಂಟು ಕೋಣೆಗಳಲ್ಲಿ ಮಾಸ್ತರರು, ಗುಮಾಸ್ತರು ತಿಂಗಳುಗಟ್ಟಲೆ ಒಂದೇ ಸಂಸಾರದವರಂತೆ ಉಳಿಯುತ್ತಿದ್ದರು. ತಮ್ಮ ಜ್ವರದಲ್ಲಿ ತೀರಿಕೊಂಡ ಮೇಲೆ ಎರಡು ವರ್ಷದಿಂದ ಬಾಗಿಲು ಮುಚ್ಚಿತ್ತು. ತಮ್ಮನ ಹೆಂಡತಿ ವಿಶಾಲಮ್ಮ ಈಗ ಅದನ್ನು ತೆರೆಯಬೇಕೆಂದಿದ್ದಳು. ಇಪ್ಪತ್ತೆಂಟರ ಹೆಣ್ಣು, ಮೈಸೂರಿನಲ್ಲಿ ಬಿ.ಎಸ್‌ಸಿ. ಓದಿದವಳು. ಚೌಕುಳಿ ಕಾಗದದ ಮೇಲೆ ನಕ್ಷೆ ಬರೆದು ಭಾವನ ಮುಂದೆ ಹರಡಿದಳು.

"ಒಂಟಿ ಹೆಂಗಸಿಗೆ ಈ ಊರಲ್ಲಿ ಯಾರು ಕೋಣೆ ಕೊಡ್ತಾರೆ, ಭಾವ? ಹೊಸನಗರದಿಂದ ಬಂದ ಟೀಚರು ಮೂರು ತಿಂಗಳಲ್ಲಿ ನಾಲ್ಕು ಮನೆ ಬದಲಿಸಿದ್ದಾಳೆ. ಆಸ್ಪತ್ರೆ ನರ್ಸಮ್ಮನ ಪಾಡೂ ಅದೇ. ಮೇಲಿನ ಕೋಣೆ ಅಂಥವ್ರಿಗೆ. ಕೆಳಗೆ ನಾನಿರ್ತೀನಿ. ಯಾರಿಗೂ ಭಾರ ಆಗಲ್ಲ."

"ಮಾಡಣ," ಎಂದ ಮಂಜಯ್ಯ. "ಮೊದ್ಲು ಮರ ಗಟ್ಟಿ ಇದ್ಯಾ ನೋಡಿಸಣ. ಬಡಗಿ ಜಟ್ಟಪ್ಪನ್ನ ಕರೆಸ್ತೀನಿ."

ಅವಳು ಬೀಗದಕೈಯನ್ನು ಅವನಿಗೇ ಒಪ್ಪಿಸಿ ಸಾಗರದ ತವರಿಗೆ ಹೋದಳು. ಬರುವುದು ಒಂದು ತಿಂಗಳ ಮೇಲೆ.

ಆ ತಿಂಗಳನ್ನು ಮಂಜಯ್ಯ ವ್ಯರ್ಥ ಮಾಡಲಿಲ್ಲ. ಅವಳನ್ನು ಹೆದರಿಸುವುದಾಗಲಿ, ಸುಳ್ಳು ಪತ್ರ ಸೃಷ್ಟಿಸುವುದಾಗಲಿ ಅವನಿಗೆ ಬೇಕಿರಲಿಲ್ಲ. ಅವಳೇ ತನ್ನ ಕಣ್ಣಿಂದ ನೋಡಿ, ತನ್ನ ಬಾಯಿಂದ ಬೇಡವೆನ್ನಬೇಕು. ಓದಿದವರು ಕಂಡದ್ದನ್ನು ನಂಬುತ್ತಾರೆ.

ಕಂಬಗಳು ಬೀಟೆಯವು. ಬೀಟೆಗೆ ಗೆದ್ದಲು ತಾಗದೆಂದು ಬಡಗಿಗೆ ಗೊತ್ತಿರುತ್ತದೆ. ಅವನ್ನು ಮಂಜಯ್ಯ ಮುಟ್ಟಲಿಲ್ಲ. ಮಹಡಿಗೆ ಅಪ್ಪಯ್ಯ ಖರ್ಚು ಹಿಡಿತ ಮಾಡಿ ಮಾವಿನ ಹಲಗೆ ಹಾಕಿಸಿದ್ದ. ಅವುಗಳಲ್ಲಿ ನಾಲ್ಕನ್ನು ಕಿತ್ತು, ತನ್ನ ಕೊಟ್ಟಿಗೆಯ ಅಟ್ಟದಲ್ಲಿ ನಿಜವಾಗಿಯೇ ಟೊಳ್ಳಾಗಿದ್ದ ಹಲಗೆಗಳನ್ನು ಕೂರಿಸಿದ. ಬಾಗಿಲುವಾಡಗಳ ಮೇಲೆ, ತೊಲೆಗಳ ಸಂದಿಯಲ್ಲಿ, ಕಲಸಿದ ಕೆಮ್ಮಣ್ಣನ್ನು ಬೆರಳಲ್ಲಿ ಎಳೆದ. ಒಣಗಿದ ಮೇಲೆ ಅವು ಗೆದ್ದಲಿನ ದಾರಿಗಳೇ ಆದವು. ಆದರೆ ಜಟ್ಟಪ್ಪ ಉಳಿಯಿಂದ ಮಣ್ಣು ಕೆರೆಯುವ ಮನುಷ್ಯ. ಕೆರೆದಾಗ ಬಿಳಿಹುಳ ಹರಿದಾಡಬೇಕು.

ಅದಕ್ಕೆ ಹುತ್ತವೇ ಆಗಬೇಕಿತ್ತು.

ಮೇಳಿಗೆಯ ಗುಡ್ಡದಂಚಿನಲ್ಲಿ ಎದೆಮಟ್ಟದ ಹುತ್ತವೊಂದನ್ನು ಆರಿಸಿದ. ಹಾವಿರಬಹುದೆಂದು ಮೂರು ದಿನ ದೂರ ಕೂತು ಕಾದ. ಬಿಲದ ಬಾಯಿಗೆ ಬೂದಿ ಚೆಲ್ಲಿ, ಹರಿದ ಗುರುತು ಬೀಳದ್ದನ್ನು ನೋಡಿದ. ಆದರೂ ಹಾರೆ ಎತ್ತುವ ಮೊದಲು ಅಳುಕಿದ. ಚಪ್ಪಲಿ ಬಿಟ್ಟು, ಎರಡು ದಾಸವಾಳ ಇಟ್ಟು, ತಪ್ಪಾಯ್ತು ಎಂದು ಕೈಮುಗಿದ. ತಮ್ಮನ ಹೆಂಡತಿಯ ನೆಲೆ ಕೀಳಹೊರಟಾಗ ಆಗದ ಅಳುಕು ಮಣ್ಣಿನ ಗುಡ್ಡೆಯ ಮುಂದೆ ಆಯಿತೇಕೆಂದು ಅವನಿಗೇ ತಿಳಿಯಲಿಲ್ಲ. ಬುಡದಿಂದ, ಹುಳ ದಟ್ಟವಾಗಿದ್ದ ಕಡೆಯಿಂದ, ದೊಡ್ಡ ಹೆಂಟೆಗಳನ್ನು ಒಡೆಯದಂತೆ ಎಬ್ಬಿಸಿ ಗೋಣಿಗೆ ತುಂಬಿದ. ಎತ್ತಿನಗಾಡಿಯನ್ನು ತಾನೇ ಹೊಡೆದುಕೊಂಡು ಹಾಡೇ ಹಗಲು ತೀರ್ಥಹಳ್ಳಿಯ ಪೇಟೆ ಹಾದು ಹೋದ. ಹಗಲು ಹೊತ್ತು ಮಣ್ಣು ಹೇರಿಕೊಂಡು ಹೋಗುವವನನ್ನು ಯಾರೂ ಏನೆಂದು ಕೇಳುವುದಿಲ್ಲ. ಹೊಳೆಯ ತೇವ ಆರದ ಅಡಿಗೆಮನೆಯ ಮೂಲೆಯಲ್ಲಿ ನೆಲ ಅಗೆದು ಹೆಂಟೆಗಳನ್ನಿಟ್ಟು, ಮೇಲೆ ಕೊಳೆತ ಹಲಗೆಯನ್ನು ಬಾಗಿಲುವಾಡಕ್ಕೆ ತಾಗುವಂತೆ ಮುಚ್ಚಿದ.

ವಿಶಾಲಮ್ಮ ಸಾಗರದಿಂದ ಬಂದ ವಾರ ಜಟ್ಟಪ್ಪನೂ ಬಂದ. ಉಳಿಯ ಹಿಡಿಯಿಂದ ಮಹಡಿಯ ಹಲಗೆ ತಟ್ಟಿದ. ತುದಿ ಊರಿದಾಗ ಉಳಿ ಹಿಡಿಯವರೆಗೆ ಒಳಗಿಳಿಯಿತು. ಅಡಿಗೆಮನೆಯ ಬಾಗಿಲುವಾಡ ಕೆರೆದ. ಬಿಳಿಹುಳ ಬುಳುಬುಳು ಉದುರಿತು.

"ಗೌಡ್ರೇ, ಇದು ವಸತಿಗೃಹ ಅಲ್ಲ ಮಾರಾಯ್ರೆ, ಗೆದ್ದಲಿನ ಛತ್ರ. ಬಾಡಿಗೆ ಕೊಡ್ದೆ ಸಂಸಾರ ಹೂಡಿದಾವೆ."

"ರಿಪೇರಿ ಆಗಲ್ವಾ, ಜಟ್ಟಪ್ಪ?" ವಿಶಾಲಮ್ಮ ಕೇಳಿದಳು.

"ಆಗುತ್ತೆ ಅಮ್ಮ, ಮಾಡು ಇಳಿಸಿ ಹೊಸದಾಗಿ ಕಟ್ಟಿದ್ರೆ. ಹೆಣ್ಣುಮಕ್ಕಳನ್ನ ಇದರ ಮೇಲೆ ಮಲಗಿಸ್ತೀನಿ ಅಂದ್ರೆ ನಾನಂತೂ ಒಪ್ಪಲ್ಲ."

ಅವಳು ನಕ್ಷೆಯನ್ನು ನಾಲ್ಕು ಮಡಿಕೆ ಮಾಡಿ ಸೆರಗಿಗೆ ಸಿಕ್ಕಿಸಿಕೊಂಡಳು. ಕಟ್ಟಡ ಬೇಡವೆಂದು ಅವಳೇ ಹೇಳಿ, ಯುಗಾದಿಗೆ ಮುಂಚೆ ಭಾವನ ಹೆಸರಿಗೆ ಹಕ್ಕು ಬಿಡುಗಡೆ ಪತ್ರ ರಿಜಿಸ್ಟರಾಯಿತು. ಬದಲಿಗೆ ಭಾವನ ಮನೆಯಲ್ಲಿ ಒಂದು ಕೋಣೆ, ಬದುಕಿರುವವರೆಗೆ ಅನ್ನಬಟ್ಟೆ. ಸಹಿ ಮಾಡಿ ಅವಳು, "ಬೀಳೋ ಕಟ್ಟಡ ತಗೊಂಡು ನಂಗೆ ನೆರಳು ಕೊಟ್ರಿ, ಭಾವ," ಎಂದಳು. ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ಮಂಜಯ್ಯನಿಗೆ ಹಗುರಾಗುತ್ತಿತ್ತು.

ಪತ್ರವಾದ ಮರುದಿನವೇ ಹೆಂಟೆಗಳನ್ನು ಅಗೆದು ಹೊಳೆಗೆ ಎಸೆಯಬೇಕೆಂಬುದು ಯೋಜನೆಯ ಕೊನೆಯ ಹೆಜ್ಜೆ. ಹಾರೆ ಹಿಡಿದು ಹೋದ. ಅಡಿಗೆಮನೆಯ ಗೋಡೆಯ ಮೇಲೆ ತಂಗುವವರಿಗೆಂದು ತಮ್ಮ ಇದ್ದಿಲಲ್ಲಿ ಬರೆದಿಟ್ಟ ಸಾಲು ಅಳಿಸದೆ ಉಳಿದಿತ್ತು: 'ಈ ದಿನ ಅವಲಕ್ಕಿ, ಹೆಸರುಬೇಳೆ ಪಾಯಸ.' ಮೊದಲು ಎಷ್ಟೋ ಸಲ ನೋಡಿದ್ದ. ಆ ದಿನ ಓದಿದ. ಹಾರೆಯನ್ನು ಹೊಸಿಲಲ್ಲೇ ಬಿಟ್ಟು ಬಾಗಿಲೆಳೆದುಕೊಂಡು ಬಂದ. ಹುತ್ತ ಬಿಟ್ಟ ಹುಳ ಎಷ್ಟು ದಿನ ಬದುಕೀತು, ಒಣಗಿ ಸಾಯುತ್ತದೆ ಎಂದು ಸಮಾಧಾನ ಹೇಳಿಕೊಂಡ. ಮಳೆಗೆ ಮುಂಚೆ ಕೆಲಸ ಹೇಗೂ ಮುಗಿಯದು, ಆಮೇಲೆ ನೋಡೋಣ ಎಂದುಕೊಂಡ.

ಮನೆಯಲ್ಲಿ ವಿಶಾಲಮ್ಮ ಬೆಳಿಗ್ಗೆ ಕಾಫಿ ತಂದಿಡುವಳು. ಅವನ ಅಂಗಿಯ ಗುಂಡಿ ಹೊಲಿಯುವಳು. ಹೆಂಡತಿ ವೆಂಕಮ್ಮ, "ನನ್ನ ತಂಗಿಯಾಗಿದ್ರೂ ಇಷ್ಟು ಮಾಡ್ತಿರಲಿಲ್ಲ," ಎನ್ನುವಳು. ಒಮ್ಮೆ ಹೊಸನಗರದ ಆ ಟೀಚರು ಕೆಲಸ ಬಿಟ್ಟು ಊರಿಗೆ ಹೋದ ಸುದ್ದಿ ಬಂತು. ವಿಶಾಲಮ್ಮ ಅಕ್ಕಿ ಆರಿಸುತ್ತಲೇ ಇದ್ದಳು. ಹೊಳೆದಂಡೆಯ ದಾರಿ ಬಿಟ್ಟು ಸುತ್ತುಹಾಕಿ ಪೇಟೆಗೆ ಹೋಗುವುದು ಮಂಜಯ್ಯನಿಗೆ ಅಭ್ಯಾಸವಾಯಿತು.

ನವರಾತ್ರಿ ಕಳೆದ ಮೇಲೆ ಇನ್ನು ಮುಂದೂಡುವಂತಿರಲಿಲ್ಲ. ಆಗುಂಬೆಗೆ, ಜೋಗಕ್ಕೆ ಹೋಗುವ ಪ್ರವಾಸಿಗರಿಗೆ ಕೋಣೆ ಮಾಡುತ್ತೇನೆಂದು ಊರಿಗೆಲ್ಲ ಸಾರಿದ್ದ. ಕೆಲಸಕ್ಕೆ ಮುಂಚೆ ದೀಪ ಹಚ್ಚಲೆಂದು ವೆಂಕಮ್ಮ, ವಿಶಾಲಮ್ಮ ಬಂದರು. ಜಟ್ಟಪ್ಪ ಸಲಕರಣೆ ಚೀಲ ಹೊತ್ತು ಬಂದ. ಅಡಿಗೆಮನೆಯ ಬಾಗಿಲು ದೂಡಿದ ವೆಂಕಮ್ಮ ಅಲ್ಲೇ ಕೂತುಬಿಟ್ಟಳು.

ಮೂಲೆಯಲ್ಲಿ ಮೊಣಕಾಲೆತ್ತರದ ಹುತ್ತ ಎದ್ದಿತ್ತು. ಅವನು ಬೆರಳಲ್ಲಿ ಎಳೆದ ಸುಳ್ಳು ಗೆರೆಗಳ ಪಕ್ಕದಲ್ಲೇ ನಿಜವಾದ ಗೆರೆಗಳು ತೊಲೆಯವರೆಗೆ ಹತ್ತಿದ್ದವು.

"ನಾಗಪ್ಪ ಬಂದಾನೆ ಕಣ್ರೀ! ಚಪ್ಪಲಿ ಬಿಡಿ ಮೊದ್ಲು!" ವೆಂಕಮ್ಮ ಕೂಗಿದಳು.

ಜಟ್ಟಪ್ಪ ಚೀಲವನ್ನು ಹೆಗಲಿನಿಂದ ಇಳಿಸಲೇ ಇಲ್ಲ. "ಹುತ್ತ ಎದ್ದ ಜಾಗದಲ್ಲಿ ನಾನು ಉಳಿ ಹಿಡಿಯಲ್ಲ ಗೌಡ್ರೇ. ಯಾವ ಬಡಗೀನೂ ಬರಲ್ಲ. ಇನ್ನಿದು ದೇವರ ಜಾಗ."

ಮಂಜಯ್ಯ ತಡವರಿಸಿದರೂ ಬೇಗ ಸಾವರಿಸಿಕೊಂಡ. ದೇವರೇ ಬಂದಿದ್ದರೆ ಒಳ್ಳೆಯದೇ ಆಯಿತು. ತಾನು ಮಾಡಿದ್ದನ್ನು ಇನ್ನು ಯಾರು ಹುಡುಕುತ್ತಾರೆ? ಕಟ್ಟಡ ಹೋದರೆ ಹೋಗಲಿ. ಏಳು ತಿಂಗಳಲ್ಲಿ ಮೊದಲ ಬಾರಿ ಅವನ ಎದೆ ಸಡಿಲವಾಯಿತು. ಅವನೂ ಚಪ್ಪಲಿ ಬಿಟ್ಟು ಕೈಮುಗಿದ.

ವಿಶಾಲಮ್ಮ ಮಾತ್ರ ಕೈಮುಗಿಯದೆ ಹುತ್ತದ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದಳು. ಉದುರಿದ್ದ ಮಣ್ಣನ್ನು ಅಂಗೈಯಲ್ಲಿ ಹಿಡಿದು ನೋಡಿದಳು. "ಹುಳ ಎಷ್ಟೇ ಬಂದ್ರೂ ಹುತ್ತ ಏಳಲ್ಲ, ಅಕ್ಕ. ಒಳಗೆ ರಾಣಿ ಇರಬೇಕು," ಎಂದಳು, ಪಾಠ ಒಪ್ಪಿಸುವವಳಂತೆ. "ರೆಕ್ಕೆ ಬಂದ ಗೆದ್ದಲಿನ, ಮಳೆಹುಳದ, ಜೋಡಿ ಹೊಸದಾಗಿ ಗೂಡು ಹೂಡಿದ್ರೆ ಮೊದಲ ವರ್ಷ ಬೆರಳೆತ್ತರಾನೂ ಕಾಣಲ್ಲ. ಇಷ್ಟು ಬೇಗ ಇಷ್ಟೆತ್ತರ ಆಗಬೇಕಾದ್ರೆ ಇದು ಬೆಳೆದ ರಾಣಿ, ಬೆರಳು ಗಾತ್ರದ್ದು." ಮೂರು ದಿನ ಹಾವಿಗಾಗಿ ಕಾದಿದ್ದ ಮಂಜಯ್ಯ ಹೆಂಟೆಗಳೊಳಗೆ ಇನ್ನೇನಿದೆಯೆಂದು ಒಮ್ಮೆಯೂ ನೋಡಿರಲಿಲ್ಲ. ವಿಶಾಲಮ್ಮ ಮಣ್ಣನ್ನು ಕೆಳಗೆ ಹಾಕಿ ತಲೆಯೆತ್ತಿದಳು. "ಅಷ್ಟು ದೊಡ್ಡ ರಾಣಿಗೆ ಕಾಲಿದ್ರೂ ನಡೆಯಕ್ಕಾಗಲ್ಲ, ಭಾವ. ಯಾರಾದ್ರೂ ಹೊತ್ತು ತಂದೇ ಇಡಬೇಕು."