ಅಜ್ಜ ಮತ್ತು ಮೊಮ್ಮಗ

ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ. ಈ ಗಾದೆ ದತ್ತಾತ್ರೇಯನಿಗೆ ಪ್ರತಿ ಭಾನುವಾರ ನೆನಪಾಗುತ್ತಿತ್ತು, ಅದೂ ಇಂಗ್ಲೆಂಡಿನ ಸಟನ್ ಕೋಲ್ಡ್‌ಫೀಲ್ಡಿನ ಡಾಕ್ಟರ್ ಚಿದಾನಂದರ ಸಂಗೀತದ ಕೋಣೆಯಲ್ಲಿ. ಕಡಲೆ ಎಂದರೆ ಅಲ್ಲಿ ಗೋಡೆಗೆ ನೇತುಹಾಕಿದ್ದ ನಾಲ್ಕು ತಂತಿಯ ಬೇಸ್ ಗಿಟಾರ್. 1964ರಲ್ಲಿ ಅಮೆರಿಕದಲ್ಲಿ ತಯಾರಾದದ್ದು, ಒಂದು ಒಳ್ಳೆಯ ಕಾರಿನ ಬೆಲೆ ಬಾಳುವಂಥದ್ದು. ಹಲ್ಲು ಎಂದರೆ ದತ್ತಾತ್ರೇಯನ ಬೆರಳುಗಳು. ಡಾಕ್ಟರಿಗೆ ಬೇಸ್ ನುಡಿಸಲು ಬರುತ್ತಿರಲಿಲ್ಲ. ಅವರು ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವವರು. ಕನ್ನಡ ಸಂಘದ ಸಮಾರಂಭಗಳಲ್ಲಿ ಹಾಡುವವರು. ಅವರ ವಾದ್ಯವೃಂದಕ್ಕೆ ಬೇಸ್ ನುಡಿಸುವವನು, ಹಾಡುಗಳ ಪಟ್ಟಿ ಬರೆದು ಆ ಕೋಣೆಯ ಗೋಡೆಗೆ ಅಂಟಿಸುವವನು ದತ್ತಾತ್ರೇಯ.

ನುಡಿಸಲು ಅವನಿಗೆ ಸಿಗುತ್ತಿದ್ದದ್ದು ಆ ಹಳೆಯ ಬೇಸಿನ ಪಡಿಯಚ್ಚು, ಮೊನ್ನೆ ಮೊನ್ನೆ ಕಾರ್ಖಾನೆಯಲ್ಲಿ ಆದದ್ದು. ಡಾಕ್ಟರು ಹಳೆಯದನ್ನು ಅಜ್ಜ ಎಂದೂ ಹೊಸದನ್ನು ಮೊಮ್ಮಗ ಎಂದೂ ಕರೆಯುತ್ತಿದ್ದರು. ಊಟಕ್ಕೆ ಬಂದ ನೆಂಟರಿಷ್ಟರಿಗಾಗಿ ಒಂದು ಆಟ ಕಟ್ಟಿದ್ದರು. ಎಲ್ಲರೂ ಗೋಡೆಗೆ ಮುಖ ಮಾಡಿ ನಿಲ್ಲಬೇಕು, ದತ್ತಾತ್ರೇಯ ಎರಡನ್ನೂ ನುಡಿಸಬೇಕು, ಯಾವುದು ಯಾವುದೆಂದು ಅವರು ಹೇಳಬೇಕು. ಒಂದು ಭಾನುವಾರ ಡಾಕ್ಟರೇ ಗೋಡೆಗೆ ಮುಖ ಮಾಡಿದರು. ಮೂರು ಸಲ ನುಡಿಸಿದ, ಮೂರು ಸಲವೂ ತಪ್ಪು ಹೇಳಿದರು.

"ನನಗೆ ಎರಡೂ ಒಂದೇ ಕಣಯ್ಯ," ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. "ಸರ್ಟಿಫಿಕೇಟ್ ಇದೆಯಲ್ಲ, ಅಷ್ಟು ಸಾಕು."

"ಹಾಗಾದ್ರೆ ರಾಜ್ಯೋತ್ಸವಕ್ಕೆ ಒಂದೇ ಒಂದ್ಸಲ ಅಜ್ಜನ್ನ ಕೊಡಿ ಸರ್," ಎಂದ ದತ್ತಾತ್ರೇಯ.

"ಅದು ಮನೆ ಬಿಟ್ಟು ಹೊರಗೆ ಹೋಗಲ್ಲಪ್ಪ. ನಿನಗೆ ಮೊಮ್ಮಗ ಸಾಕು."

ನಿನಗೆ ಸಾಕು. ಆ ಎರಡು ಪದ ಕೊವೆಂಟ್ರಿ ತಲುಪುವವರೆಗೂ ಕಾರಿನಲ್ಲಿ ಅವನ ಜೊತೆ ಕೂತು ಬಂದವು. ಕತ್ತೆಗೇನು ಗೊತ್ತು ಕಸ್ತೂರಿ ವಾಸನೆ ಎಂದು ಗಟ್ಟಿಯಾಗಿಯೇ ಬೈದುಕೊಂಡ. ಆದರೆ ಮನೆ ಮುಂದೆ ಕಾರು ನಿಲ್ಲಿಸುವ ಹೊತ್ತಿಗೆ ಸಿಟ್ಟು ಇಳಿದು ಬೇರೊಂದು ಯೋಚನೆ ಹತ್ತಿತ್ತು. ಒಡೆಯನಿಗೇ ಎರಡೂ ಒಂದೇ ಆದರೆ, ಗೋಡೆಯ ಮೇಲೆ ಯಾವುದು ತೂಗಿದರೇನು?

ಡಾಕ್ಟರ ಮೊಮ್ಮಗ ಈ ಕೆಲಸಕ್ಕೆ ಬಾರದು. ಅದರ ಬಣ್ಣ ನೋಡಿದರೇ ಹೊಸದು ಎಂದು ತಿಳಿಯುತ್ತದೆ. ಬೇಕಾದದ್ದು ಅಜ್ಜನ ಅವಳಿ. ಅದನ್ನು ಮಾಡಬಲ್ಲವನು ಮಿಡ್‌ಲ್ಯಾಂಡ್ಸಿನಲ್ಲಿ ತಾನೊಬ್ಬನೇ ಎಂದು ದತ್ತಾತ್ರೇಯ ನಂಬಿದ್ದ. ನಂಬಿಕೆ ಸುಳ್ಳೇನಲ್ಲ. ಕಾರಿನ ಕಂಪನಿಯಲ್ಲಿ ಅವನ ಕೆಲಸವೇ ಮಾದರಿ ಮಾಡುವುದು: ಇನ್ನೂ ಹುಟ್ಟದ ಕಾರನ್ನು ಮರದಲ್ಲಿ, ಜೇಡಿಯಲ್ಲಿ, ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗದಂತೆ ತಯಾರಿಸಿ ನಿಲ್ಲಿಸುವುದು.

ಮೊದಲು ಪಟ್ಟಿ ಬರೆದ. ನೆತ್ತಿಯ ಮೇಲೆ ಶ್ರೀ, ಕೆಳಗೆ ಹನ್ನೊಂದು ಅಂಶ. ಪ್ರೈಮರಿ ಮೇಷ್ಟ್ರಾಗಿದ್ದ ಅಪ್ಪ ಬೆತ್ತ ಹಿಡಿದು ಕಲಿಸಿದ ರೂಢಿ. ಒಮ್ಮೆ ಕಾರ್ಖಾನೆಯಲ್ಲಿ ಜೊತೆಗಾರನೊಬ್ಬ ಶಿಫ್ಟ್ ರಿಪೋರ್ಟಿನ ಮೇಲೆ ಬೆರಳಿಟ್ಟು ಇದೇನು ಎಂದು ಕೇಳಿದಾಗ, ಯಾವುದು ಎಂದು ಇವನೇ ಹುಡುಕಾಡಿದ್ದ. ಕಳ್ಳತನದ ಪಟ್ಟಿಗೂ ದೇವರ ರಕ್ಷೆ ಸಿಕ್ಕಿತು. ಅದನ್ನು ಬಾಯಿಪಾಠ ಮಾಡಿ ಬಾರ್ಬೆಕ್ಯೂ ಒಲೆಯಲ್ಲಿ ಸುಟ್ಟ.

ಹದಿನಾಲ್ಕು ತಿಂಗಳು ಹಿಡಿಯಿತು. ಹೆಂಡತಿ ಯಾಮಿನಿ ಲೆಮಿಂಗ್ಟನ್ ಸ್ಪಾದಲ್ಲಿ ಭರತನಾಟ್ಯದ ಪಾಠಕ್ಕೆ ಹೋಗುವ ಶನಿವಾರದ ಬೆಳಗುಗಳೆಲ್ಲ ಗ್ಯಾರೇಜಿನಲ್ಲಿ ಕಳೆದವು. ಅಜ್ಜನ ತಂತಿ ಬದಲಿಸಿ ಒರೆಸುವ ಕೆಲಸ ಮೊದಲಿನಿಂದಲೂ ಅವನದೇ. ಆ ನೆಪದಲ್ಲಿ ಅದರ ಒಂದೊಂದು ಗೀರನ್ನೂ ಅಳೆದುಕೊಂಡ. ಅಷ್ಟೇ ಹಳೆಯ ಮರವನ್ನು ಮ್ಯಾಂಚೆಸ್ಟರಿನ ಮುರಿದ ಬೀರುವೊಂದರಿಂದ ತಂದ. ಆ ಕಾಲದ ಮೆರುಗೆಣ್ಣೆಯನ್ನೇ ಹಚ್ಚಿ, ಬಿಸಿಲಿಲ್ಲದ ಈ ನಾಡಿನಲ್ಲಿ ದೀಪದ ಶಾಖ ಕೊಟ್ಟು ಬಿರುಕು ಬಿಡಿಸಿದ. ನಂಬರ್ ಕೊರೆದ ಲೋಹದ ತಗಡನ್ನು ವಿನೆಗರಿನಲ್ಲಿ ನೆನೆಹಾಕಿ ಮುದಿಯಾಗಿಸಿದ.

ಕುಂಕುಮವನ್ನೂ ಮರೆಯಲಿಲ್ಲ. ಡಾಕ್ಟರ ಹೆಂಡತಿ ಚಂದ್ರಿಕಾ ಪ್ರತಿ ಆಯುಧಪೂಜೆಗೆ ಗಂಡ ಬೇಡವೆಂದರೂ ಕೇಳದೆ ಅಜ್ಜನಿಗೊಂದು ಬೊಟ್ಟು ಇಡುತ್ತಿದ್ದಳು. ಬುಡದಲ್ಲಿ, ಹೆಗಲಿನ ಪಟ್ಟಿ ಸಿಕ್ಕಿಸುವ ಗುಬ್ಬಿಯ ಪಕ್ಕ, ಮಸುಕಾದ ಕೆಂಪು ಕಲೆ ಉಳಿದಿತ್ತು. ಅದನ್ನೂ ಹಾಗೆಯೇ ಮಾಡಿದ, ಒಂಬತ್ತು ಸಲ ಹಚ್ಚಿ ಒಂಬತ್ತು ಸಲ ಒರೆಸಿ. ಇಂಗ್ಲೆಂಡಿನ ಬೇರೆ ಯಾವ ಕಳ್ಳನಿಗೆ ಇದು ಹೊಳೆಯುತ್ತಿತ್ತು ಎಂದು ಬೀಗಿದ.

ಎಲ್ಲಕ್ಕಿಂತ ಕಷ್ಟದ್ದು ತಾರೀಖು. ಆ ಕಾಲದ ಕೆಲಸಗಾರರು ಗಿಟಾರಿನ ಕತ್ತನ್ನು ಒಡಲಿಗೆ ಬಿಗಿಯುವ ಮುನ್ನ ಕತ್ತಿನ ಬುಡದಲ್ಲಿ ಪೆನ್ಸಿಲಿನಿಂದ ತಾರೀಖು ಗೀಚುತ್ತಿದ್ದರು. ಬಿಚ್ಚಿದರೆ ಮಾತ್ರ ಕಾಣುವ ಆ ಬರಹವೇ ಅಸಲಿತನದ ಕೊನೆಯ ಸಾಕ್ಷಿ. ಅದರ ಫೋಟೋಕ್ಕೆ ಡಾಕ್ಟರು ಚೌಕಟ್ಟು ಹಾಕಿಸಿ ಅಜ್ಜನ ಪಕ್ಕದಲ್ಲೇ ತೂಗಿಸಿದ್ದರು. ದತ್ತಾತ್ರೇಯ ಅದನ್ನು ಮೊಬೈಲಿನಲ್ಲಿ ಹಿಡಿದು ತಂದು, ನಾಲ್ಕು ವಾರ ಹಾಳೆ ಹಾಳೆ ತಿದ್ದಿದ. ಯೋಚಿಸುತ್ತ ಬರೆದರೆ ಗೆರೆ ನಡುಗುತ್ತದೆ, ನಡುಗಿದ ಗೆರೆ ಸಿಕ್ಕಿಬೀಳುತ್ತದೆ. ಮನಸ್ಸು ಬೇರೆಲ್ಲೋ ಇರುವಾಗ ಕೈ ತಾನಾಗಿ ಬರೆಯಬೇಕು. ಕೊನೆಗೊಂದು ಶನಿವಾರ ರೇಡಿಯೋದಲ್ಲಿ ಕ್ರಿಕೆಟ್ ಹಾಕಿ, ಸ್ಕೋರಿಗೆ ಕಿವಿಕೊಟ್ಟು, ಮರದ ಮೇಲೆ ಒಂದೇ ಉಸಿರಿಗೆ ಬರೆದು ಮುಗಿಸಿದ. ಭೂತಗನ್ನಡಿ ಹಿಡಿದು ಅಂಕಿಗಳನ್ನು ಒಂದೊಂದಾಗಿ ಫೋಟೋದ ಅಂಕಿಗಳಿಗೆ ಹೋಲಿಸಿದ. ಆರರ ಹೊಟ್ಟೆ, ನಾಲ್ಕರ ಕಾಲು, ಎಲ್ಲವೂ ಸರಿಯಿದ್ದವು. ಕತ್ತು ಕೂಡಿಸಿ ನಾಲ್ಕು ತಿರುಪು ಬಿಗಿದ.

ಅದಲುಬದಲು ಗಣೇಶನ ಹಬ್ಬದ ಭಾನುವಾರ ನಡೆಯಿತು. ಮೊಮ್ಮಗನನ್ನು ಒಯ್ದು ತರುವ ಅವನ ಬೇಸಿನ ಚೀಲ ಪ್ರತಿ ವಾರ ಆ ಮನೆಯೊಳಗೆ ಹೋಗುತ್ತಿತ್ತು, ಪ್ರತಿ ವಾರ ಹೊರಗೆ ಬರುತ್ತಿತ್ತು. ಯಾರೂ ಅದನ್ನು ನೋಡುತ್ತಿರಲಿಲ್ಲ. ಮೂವತ್ತು ಜನ ಕಡುಬಿಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದಾಗ, ಕೈ ತೊಳೆದುಕೊಂಡು ಬರುತ್ತೇನೆ ಎಂದು ಎದ್ದ. ನಾಲ್ಕು ನಿಮಿಷದಲ್ಲಿ ವಾಪಸು ಬಂದು ಎರಡನೇ ಸಲ ಪಾಯಸ ಹಾಕಿಸಿಕೊಂಡ.

ಅಜ್ಜ ಮನೆಗೆ ಬಂದ. ಬಂದ ಮೇಲೆ ದತ್ತಾತ್ರೇಯನಿಗೆ ಗೊತ್ತಾಯಿತು, ಅದನ್ನು ನುಡಿಸಲು ಜಾಗವೇ ಇಲ್ಲ. ವೇದಿಕೆಗೆ ಒಯ್ಯುವಂತಿಲ್ಲ, ಆಂಪ್ಲಿಫೈಯರಿಗೆ ಸಿಕ್ಕಿಸಿದರೆ ಯಾಮಿನಿ ಕೇಳುತ್ತಾಳೆ. ಶನಿವಾರ ಗ್ಯಾರೇಜಿನ ಬಾಗಿಲು ಹಾಕಿಕೊಂಡು, ಕಿವಿಯನ್ನು ಮರಕ್ಕೆ ಒತ್ತಿ, ಒಂದು ಗಂಟೆ ಮೆಲ್ಲನೆ ಮೀಟುತ್ತಿದ್ದ. ಉಳಿದ ದಿನ ಅದು ಹಳೆಯ ಕಾರ್ಪೆಟ್ಟಿನ ಸುರುಳಿಯೊಳಗೆ ಮಲಗಿರುತ್ತಿತ್ತು. ಇತ್ತ ಡಾಕ್ಟರ ಮನಸ್ಸು ಯಾಕೋ ಕರಗಿತ್ತು. ಅಕ್ಟೋಬರಿನಿಂದ ಭಾನುವಾರಗಳಲ್ಲಿ ಅವರೇ ಗೋಡೆಯಿಂದ ಬೇಸ್ ಇಳಿಸಿ ಅವನ ಕೈಗೆ ಕೊಡತೊಡಗಿದರು.

"ನೋಡ್ದ್ಯಾ, ಅಜ್ಜನ ದನಿ ದನೀನೇ," ಎನ್ನುತ್ತಿದ್ದರು ಕಣ್ಣು ಮುಚ್ಚಿ. ತನ್ನ ಕೈಯಾರೆ ಮಾಡಿದ್ದನ್ನು ನುಡಿಸುತ್ತ, ಹೊಗಳಿಕೆಯನ್ನು ಬಾಯಿಬಿಟ್ಟು ತನ್ನದೆನ್ನಲಾಗದೆ, ದತ್ತಾತ್ರೇಯ ಒಳಗೊಳಗೇ ಬೇಯುತ್ತಿದ್ದ. ಬೇಡ ಎನ್ನುವಂತಿಲ್ಲ. ಬರುವುದಿಲ್ಲ ಎನ್ನುವಂತೆಯೂ ಇಲ್ಲ.

ನವೆಂಬರಿನ ಒಂದು ಭಾನುವಾರ ಹೋದಾಗ ಸಂಗೀತದ ಕೋಣೆಯಲ್ಲಿ ಗುರುತಿಲ್ಲದ ಇಂಗ್ಲಿಷ್ ಹೆಂಗಸೊಬ್ಬಳು ಕೂತಿದ್ದಳು. ಲೀಡ್ಸಿನಿಂದ ಬಂದ ಹಳೆಯ ವಾದ್ಯಗಳ ಪರಿಣತೆ ಎಂದು ಡಾಕ್ಟರು ಪರಿಚಯಿಸಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ದತ್ತಾತ್ರೇಯನ ಕೈ ತಾನಾಗಿ ಚೀಲದ ಪಟ್ಟಿಯನ್ನು ಹಿಡಿಯಿತು.

"ಕೂತ್ಕೋ ದತ್ತ," ಎಂದರು ಡಾಕ್ಟರು. "ಮುಂದಿನ ತಿಂಗಳು ನಾನು ರಿಟೈರ್ ಆಗ್ತಿದೀನಿ. ಚಂದ್ರಿಕಾ ಯುಗಾದಿಯಿಂದ ಒಂದೇ ಸಮ ಹೇಳ್ತಿದಾಳೆ, ನುಡಿಸೋರ ಹತ್ರ ಇರ್ಲಿ ಅಂತ. ನನಗೂ ಸರಿ ಅನ್ನಿಸ್ತು. ಅಜ್ಜ ಇನ್ಮೇಲೆ ನಿಂದು."

ದತ್ತಾತ್ರೇಯ ಚೀಲ ಕೆಳಗಿಟ್ಟು ಕೂತ. ಕಣ್ಣಲ್ಲಿ ನೀರು ಬಂತು, ನಿಜವಾದ ನೀರೇ. ಯುಗಾದಿಯಿಂದ ಅಂತೆ. ಇನ್ನೆರಡು ತಿಂಗಳು ತೆಪ್ಪಗಿದ್ದಿದ್ದರೆ ಇದೇ ಮನುಷ್ಯ ಅಸಲನ್ನೇ ಕೈಯಲ್ಲಿಡುತ್ತಿದ್ದ. ನಾಚಿಕೆಯಿಂದ ನೆಲ ನೋಡಿದ. ಆದರೆ ನಾಚಿಕೆಯ ಬೆನ್ನಿಗೇ ಲೆಕ್ಕಾಚಾರವೂ ಎದ್ದಿತು. ನಕಲೂ ತನ್ನ ಮನೆಗೇ ಬಂದರೆ ಇನ್ನು ಹೋಲಿಸುವವರು ಯಾರು? ಅಜ್ಜನನ್ನು ನಾಳೆಯಿಂದಲೇ ಬೆಳಕಿಗೆ ತರಬಹುದು. ತಾನು ಹಾಕಿದ್ದಕ್ಕಿಂತ ದೇವರು ಹಾಕಿದ ಪ್ಲಾನೇ ಚೆನ್ನಾಗಿದೆ.

"ಇನ್ಶೂರೆನ್ಸ್ ನಿನ್ನ ಹೆಸರಿಗೆ ಮಾಡಿಸ್ಬೇಕಲ್ಲ, ಹೊಸ ಫೋಟೋ ಕೇಳಿದಾರೆ, ಅದಕ್ಕೇ ಇವರು," ಎಂದರು ಡಾಕ್ಟರು.

"ಇದೆಲ್ಲ ಯಾಕೆ ಸರ್."

"ಇರ್ಲಪ್ಪ, ಎಲ್ಲ ಕ್ರಮವಾಗಿ ಆಗ್ಲಿ."

ಆಕೆ ತೂಕ ನೋಡಿದಳು, ಮೆರುಗಿಗೆ ನೀಲಿ ದೀಪ ಹಿಡಿದಳು, ತಗಡಿನ ನಂಬರ್ ಬರೆದುಕೊಂಡಳು. ಕೆಂಪು ಕಲೆಯನ್ನು ಕೇಳಿದಾಗ ಚಂದ್ರಿಕಾ ಆಯುಧಪೂಜೆಯ ಕಥೆಯನ್ನೆಲ್ಲ ಇಂಗ್ಲಿಷಿನಲ್ಲಿ ಹೇಳಿದಳು. ಪರಿಣತೆ ಮುಗುಳ್ನಕ್ಕು, ಎಲ್ಲ ಸೊಗಸಾಗಿದೆ, ಇನ್ನು ಕತ್ತೊಂದನ್ನು ಬಿಚ್ಚಿದರೆ ಮುಗಿಯಿತು ಎಂದಳು. ದತ್ತನೇ ಬಿಚ್ಚಲಿ, ಈಗ ಅವನದೇ ಅಲ್ಲವೇ ಎಂದರು ಡಾಕ್ಟರು. ದತ್ತಾತ್ರೇಯ ತಂತಿ ಸಡಿಲಿಸಿ ನಾಲ್ಕು ತಿರುಪುಗಳನ್ನೂ ನಿರುಮ್ಮಳವಾಗಿ ತೆಗೆದ. ಈ ಪರೀಕ್ಷೆಗೆಂದೇ ನಾಲ್ಕು ವಾರ ಓದಿದ್ದನಲ್ಲ.

ಕತ್ತನ್ನು ಎತ್ತಿ ಬುಡವನ್ನು ಕಿಟಕಿಯ ಬೆಳಕಿಗೆ ತಿರುಗಿಸಿದ. ಪರಿಣತೆ ಒಮ್ಮೆ ಮರ ನೋಡಿದಳು, ಒಮ್ಮೆ ಗೋಡೆಯ ಮೇಲಿನ ಫೋಟೋ ನೋಡಿದಳು. ತಾರೀಖಿನಲ್ಲಿ ಹುಳುಕು ಹುಡುಕುವಂತಿರಲಿಲ್ಲ. "ಅರೆ, ಅಮೆರಿಕದವರೂ ಬರೀತಿದ್ರಾ ಇದನ್ನ?" ಎಂದು ಮೊದಲು ನಕ್ಕವಳು ಚಂದ್ರಿಕಾ. ಯಾವುದನ್ನ ಎಂದು ಕೇಳಲು ದತ್ತಾತ್ರೇಯ ಬಾಯಿ ತೆರೆದ, ಕೆಳಗೆ ನೋಡಿದ. ಅಂಕಿಗಳ ನೆತ್ತಿಯ ಮೇಲೆ, ಅದೇ ಪೆನ್ಸಿಲಿನಲ್ಲಿ, ಬಾಲವನ್ನು ಉದ್ದಕ್ಕೆ ಎಳೆದು ಬರೆದ ಪುಟ್ಟ ಶ್ರೀ ಇತ್ತು. ಚಂದ್ರಿಕಾಳ ನಗು ಅರ್ಧಕ್ಕೆ ನಿಂತಿತು. ಅವಳ ಕಣ್ಣು ಮರದಿಂದ ಗೋಡೆಗೆ ಹೋಯಿತು. ಅಲ್ಲಿ ದತ್ತಾತ್ರೇಯನೇ ಬರೆದು ಅಂಟಿಸಿದ್ದ ಆ ವಾರದ ಹಾಡುಗಳ ಪಟ್ಟಿ ಇತ್ತು, ಅದರ ನೆತ್ತಿಯ ಮೇಲೂ ಅದೇ ಬಾಲದ ಶ್ರೀ.